ಬಿಸಿಯಾದ್ರೆ ನಿಲ್ಲುವ ಎಂಜಿಬಿ, ಸಾಮಾನು ಸಿಗದ ಎಂಜಿಎ: ಗ್ಯಾರೇಜಿನವರ ಹತ್ರ ಕೇಳಿ

ಪ್ರಶ್ನೆ (ಮುಲುಂಡ್‌ನಿಂದ): ನಮಸ್ಕಾರ ಅಣ್ಣಾ. ನಮ್ಮ ಮಾವನವರದ್ದು 1965ರ ಎಂಜಿಬಿ ಉಂಟು, ಇಂಗ್ಲೆಂಡಿನ ಎಂಜಿ ಕಂಪನಿಯ ಎರಡು ಸೀಟಿನ ಓಪನ್ ಗಾಡಿ. ತುಂಬ ವರ್ಷ ಸೊಸೈಟಿ ಶೆಡ್ಡಲ್ಲಿ ಕವರ್ ಹಾಕಿ ಇಟ್ಟದ್ದು, ಈಗ ನಾನು ಓಡಿಸ್ತಾ ಇದ್ದೇನೆ. ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್, ಅರ್ಧ ಗಂಟೆ ಚಂದ ಓಡ್ತದೆ, ಆಮೇಲೆ ಘೋಡ್‌ಬಂದರ್ ರೋಡಿನ ಟ್ರಾಫಿಕ್ಕಲ್ಲಿ ಸಿಕ್ಕಿದ್ರೆ ಎರಡು ಸಲ ಕೆಮ್ಮಿ ಬಂದ್. ಬಾನೆಟ್ ಎತ್ತಿ ಸ್ವಲ್ಪ ಹೊತ್ತು ಬಿಟ್ರೆ ಏನೂ ಆಗ್ಲೇ ಇಲ್ಲ ಅನ್ನುವ ಹಾಗೆ ಮತ್ತೆ ಸ್ಟಾರ್ಟ್. ಇಲ್ಲಿಯ ಮೆಕ್ಯಾನಿಕ್ ಎರಡೂ ಕಾರ್ಬೊರೇಟರ್ ಬಿಚ್ಚಿ ತೊಳೆದ, ಪ್ಲಗ್ ಹೊಸತು, ಸ್ಪಾರ್ಕಿಗೆ ಜೋರು ಕರೆಂಟ್ ಕೊಡುವ ಕಾಯಿಲ್ ಕೂಡ ಹೊಸತು ಹಾಕಿದ, ಆದ್ರೂ ಅದೇ ಕಥೆ. ಈಗ ಕಾರ್ಬೊರೇಟರ್ ಹೊಸ ಜೋಡಿ ತರಿಸಿ ಅಂತಾನೆ. ತರಿಸ್ಲಾ?

ಉತ್ತರ: ಬೇಡ ಮಾರಾಯ್ರೆ, ದುಡ್ಡು ಕೈಯಲ್ಲೇ ಇರ್ಲಿ. ತಣ್ಣಗಿರುವಾಗ ಚಂದ ಸ್ಟಾರ್ಟ್ ಆಗಿ ಅರ್ಧ ಗಂಟೆ ಸರಿ ಓಡುವ ಗಾಡಿಯ ಕಾರ್ಬೊರೇಟರ್ ಮೇಲೆ ನನಗೆ ಅಷ್ಟು ಸಂಶಯ ಇಲ್ಲ. ಇಂಥ ತೊಂದರೆಯನ್ನು ಗಾಡಿ ನಿಂತ ಜಾಗದಲ್ಲೇ, ನಿಂತ ಎರಡು ನಿಮಿಷದೊಳಗೇ ಹಿಡಿಯಬೇಕು, ತಣ್ಣಗಾದ ಮೇಲೆ ಗ್ಯಾರೇಜಿಗೆ ತಂದ್ರೆ ಯಾರಿಗೂ ಏನೂ ಕಾಣುದಿಲ್ಲ ಯಾಕಂದ್ರೆ ಆಗ ತೊಂದರೆಯೇ ಇರುದಿಲ್ಲ. ಡಿಕ್ಕಿಯಲ್ಲಿ ಒಂದು ಹಳೇ ಪ್ಲಗ್, ಸ್ಕ್ರೂಡ್ರೈವರ್, ಮಲ್ಟಿಮೀಟರ್ ಇಟ್ಕೊಳ್ಳಿ.

ನಿಂತ ಕೂಡ್ಲೇ ಗಾಡಿ ಸೈಡಿಗೆ ಹಾಕಿ ಮೊದಲು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೀರಿ. ಸುಯ್ ಅಂತ ಗಾಳಿ ಒಳಗೆ ಎಳೆದ ಶಬ್ದ ಬಂದು ಆಮೇಲೆ ಗಾಡಿ ಸ್ಟಾರ್ಟ್ ಆದ್ರೆ ಮುಚ್ಚಳದ ಗಾಳಿ ತೂತು ಮುಚ್ಚಿಹೋಗಿದೆ, ಅಲ್ಲಿಗೆ ಕೆಲಸ ಮುಗೀತು. ಅದಲ್ಲದಿದ್ರೆ ಸೆಲ್ಫ್ ಹೊಡಿಯದೆ ಬರೀ ಕೀ ಆನ್ ಮಾಡಿ ಕಿವಿ ಕೊಡಿ. ಈ ಗಾಡಿಯಲ್ಲಿ ಟ್ಯಾಂಕಿಂದ ಪೆಟ್ರೋಲ್ ಎಳೆಯುವ ಎಸ್‌ಯು ಕಂಪನಿಯ ಎಲೆಕ್ಟ್ರಿಕ್ ಪಂಪ್, ಬಲಗಡೆ ಹಿಂದಿನ ಚಕ್ರದ ಮುಂದೆ ಅಡಿಯಲ್ಲಿ ಉಂಟು. ಸರಿ ಇದ್ರೆ ನಾಲ್ಕಾರು ಸಲ ಟಿಕ್ ಟಿಕ್ ಅಂದು ಕಾರ್ಬೊರೇಟರಿನ ಫ್ಲೋಟ್ ಬೌಲ್ (ಪೆಟ್ರೋಲ್ ನಿಲ್ಲುವ ಬಟ್ಟಲು) ತುಂಬಿದ ಮೇಲೆ ಸುಮ್ಮನಾಗ್ತದೆ. ಶಬ್ದವೇ ಇಲ್ಲ ಅಂದ್ರೆ ಸ್ಕ್ರೂಡ್ರೈವರಿನ ಹಿಡಿಯಿಂದ ಪಂಪಿಗೆ ಮೆಲ್ಲಗೆ ತಟ್ಟಿ, ತಟ್ಟಿದಾಗ ಟಿಕ್ ಶುರು ಆದ್ರೆ ಒಳಗಿನ ಪಾಯಿಂಟ್ ಸುಟ್ಟಿದೆ ಅಂತ ಲೆಕ್ಕ. ನಿಲ್ಲದೆ ಟಿಕಟಿಕ ಹೊಡಿತಾನೇ ಇದ್ರೆ ಎಲ್ಲೋ ಗಾಳಿ ಎಳೀತಾ ಉಂಟು, ಇಲ್ಲ ಫ್ಲೋಟಿನ ಸೂಜಿ ಮುಚ್ತಾ ಇಲ್ಲ.

ಪಂಪ್ ಸರಿ ಇದ್ರೆ ಸ್ಪಾರ್ಕ್ ನೋಡಿ. ಹಳೇ ಪ್ಲಗ್ಗನ್ನು ವೈರಿಗೆ ಸಿಕ್ಕಿಸಿ ಪ್ಲಗ್ಗಿನ ಲೋಹದ ಮೈಯನ್ನು ಇಂಜಿನ್ ಲೋಹಕ್ಕೆ ತಾಗಿಸಿ ಯಾರಾದ್ರೂ ಸೆಲ್ಫ್ ಹೊಡೀಲಿ. ಆದ್ರೆ ಅಲ್ಲಿ ಪೆಟ್ರೋಲ್ ಚೆಲ್ಲಿಲ್ಲ ಅಂತ ನೋಡ್ಕೊಂಡೇ ಮಾಡಿ, ಬಿಸಿ ಇಂಜಿನ್ ಹತ್ರ ಆಟ ಬೇಡ. ನೀಲಿ ದಪ್ಪ ಸ್ಪಾರ್ಕ್ ಬರ್ಬೇಕು. ಆಮೇಲೆ ಕಾಯಿಲಿನ ಎರಡೂ ಸಣ್ಣ ವೈರ್ ಬಿಚ್ಚಿ ಕಾಯಿಲಿನ ಆ ಎರಡು ತುದಿಗೆ ಮೀಟರ್ ಇಟ್ಟು ಎಷ್ಟು ಓಮ್ ತೋರಿಸ್ತದೆ ಅಂತ ಇಲ್ಲಿ ಬರೀರಿ. ಹೊಸ ಕಾಯಿಲ್ ಹಾಕಿದ್ದಾನೆ ಅಂದ್ರಲ್ಲ, ನನ್ನ ಕಣ್ಣು ಅದರ ಮೇಲೆಯೇ ಉಂಟು.

ಪ್ರಶ್ನೆ (ಮುಲುಂಡ್‌ನಿಂದ): ಅಣ್ಣಾ ನಿನ್ನೆ ಮಾಜಿವಾಡಾ ಫ್ಲೈಓವರ್ ಇಳಿದ ಮೇಲೆ ನಿಂತಿತು, ನೀವು ಹೇಳಿದ ಹಾಗೇ ನೋಡಿದೆ. ಮುಚ್ಚಳ ಸರಿ ಉಂಟು. ಪಂಪ್ ಟಿಕ್ ಟಿಕ್ ಅಂದು ನಿಲ್ತದೆ. ಸ್ಪಾರ್ಕ್ ಮಾತ್ರ ಹಳದಿ, ಸಪೂರ, ಒಮ್ಮೆ ಬಂದ್ರೆ ಇನ್ನೊಮ್ಮೆ ಇಲ್ಲ. ಕಾಯಿಲ್ ಮುಟ್ಲಿಕ್ಕೆ ಆಗುದಿಲ್ಲ ಅಷ್ಟು ಬಿಸಿ. ಮೀಟರಲ್ಲಿ 1.5 ಓಮ್.

ಉತ್ತರ: ಸಿಕ್ಕಿತು ನೋಡಿ. ನಿಮ್ಮ ಗಾಡಿಗೆ ಬೇಕಾದ್ದು ಸುಮಾರು 3 ಓಮಿನ ಕಾಯಿಲ್. ಈ 1.5 ಓಮಿನದ್ದು ಕಾಯಿಲಿಗೆ ಹೋಗುವ ಕರೆಂಟ್ ತಗ್ಗಿಸುವ ಬಲಾಸ್ಟ್ ರೆಸಿಸ್ಟರ್ ಇರುವ ಗಾಡಿಗಳಿಗೆ ಮಾಡಿದ್ದು, ಅಲ್ಲಿ ಅರ್ಧ ಭಾರ ಆ ರೆಸಿಸ್ಟರ್ ಹೊರ್ತದೆ. ನಿಮ್ಮದರಲ್ಲಿ ಬಲಾಸ್ಟ್ ಇಲ್ಲ, ಹಾಗಾಗಿ 12 ವೋಲ್ಟ್ ನೇರ ಕಾಯಿಲಿಗೇ ಬಂದು, 4 ಆಂಪ್ ಹರಿಯಬೇಕಾದ ಕಡೆ ಡಿಸ್ಟ್ರಿಬ್ಯೂಟರಿನ ಪಾಯಿಂಟ್ (ಕಾಯಿಲಿನ ಕರೆಂಟ್ ಹಚ್ಚಿ ಆರಿಸುವ ಸ್ವಿಚ್ಚು) ಮುಚ್ಚಿದಾಗೆಲ್ಲ 8 ಆಂಪ್ ಹತ್ತಿರ ಹರೀತದೆ. ಅರ್ಧ ಗಂಟೆಯಲ್ಲಿ ಕಾಯಿಲ್ ಕಾದು ಸ್ಪಾರ್ಕ್ ಸಾಯ್ತದೆ, ತಣ್ಣಗಾದ್ರೆ ಜೀವ ಬರ್ತದೆ. ಎರಡು ಕಾಯಿಲೂ ನೋಡ್ಲಿಕ್ಕೆ ಒಂದೇ ಥರ ಇರ್ತದೆ, ಅಂಗಡಿಯವ ಕೈಗೆ ಸಿಕ್ಕಿದ್ದು ಕೊಡ್ತಾನೆ, ಹಾಗಾಗಿ ತಗೊಳ್ಳುವಾಗ ಅಂಗಡಿಯಲ್ಲೇ ಮೀಟರ್ ಇಟ್ಟು ನೋಡಿ ದುಡ್ಡು ಕೊಡಿ.

ಕಾಯಿಲ್ ಬದಲಾಯಿಸಿ ಸುಮ್ಮನಿರ್ಬೇಡಿ. ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು ಪಾಯಿಂಟ್ ನೋಡಿ, ಮೇಲ್ಮೈ ನೀಲಿಗಟ್ಟಿ ಗುಳಿ ಬಿದ್ದಿರ್ತದೆ, ಅದೂ ಕಂಡೆನ್ಸರೂ ಒಟ್ಟಿಗೇ ಹೊಸತು ಹಾಕಿ. ಗ್ಯಾಪ್ 0.35ರಿಂದ 0.40 ಮಿಲಿಮೀಟರ್, ಫೀಲರ್ ಗೇಜಿಗೆ ಗ್ರೀಸ್ ಅಂಟಿರ್ಬಾರ್ದು, ಆ ಗ್ರೀಸ್ ಪಾಯಿಂಟಿಗೆ ಹತ್ತಿದ್ರೆ ಮತ್ತೆ ಸುಡ್ತದೆ. ಇನ್ನೊಂದು ದೊಡ್ಡ ವಿಷಯ, 1965ರ ಎಂಜಿಬಿ ಪಾಸಿಟಿವ್ ಅರ್ಥ್. ಯಾರೂ ಮಧ್ಯೆ ಬದಲಾಯಿಸದಿದ್ರೆ ಬ್ಯಾಟರಿಯ ಪ್ಲಸ್ ಬಾಡಿಗೆ ಹೋಗಿರ್ತದೆ, ಸೀಟಿನ ಹಿಂದೆ ಹಲಗೆ ಎತ್ತಿ ನೋಡಿ, ಒರಿಜಿನಲ್ ಆದ್ರೆ ಅಲ್ಲಿ ಎರಡು 6 ವೋಲ್ಟ್ ಬ್ಯಾಟರಿ. ಹಾಗಿದ್ರೆ ಕಾಯಿಲಿನ ಪ್ಲಸ್ ತುದಿ ಡಿಸ್ಟ್ರಿಬ್ಯೂಟರಿಗೆ, ಮೈನಸ್ ತುದಿ ಕೀ ಕಡೆಗೆ ಬರ್ಬೇಕು. ಈಗಿನ ಹುಡುಗರು ರೂಢಿಯಲ್ಲಿ ಉಲ್ಟಾ ಕೊಡ್ತಾರೆ, ಗಾಡಿ ಓಡ್ತದೆ ಆದ್ರೆ ಸ್ಪಾರ್ಕ್ ಬಲ ಕಮ್ಮಿ. ಮೊಬೈಲ್ ಚಾರ್ಜರ್, ಹೊಸ ಸ್ಟೀರಿಯೋ ಇದಕ್ಕೆ ನೇರ ಕೊಡ್ಲೇಬೇಡಿ.

ಮತ್ತೆ ಕಾರ್ಬೊರೇಟರಿನ ಹಿಂದೆ ತಗಡಿನ ಹೀಟ್ ಶೀಲ್ಡ್ ಉಂಟಾ? ಈ ಇಂಜಿನ್ನಲ್ಲಿ ಸೈಲೆನ್ಸರ್ ಮ್ಯಾನಿಫೋಲ್ಡೂ ಕಾರ್ಬೊರೇಟರೂ ಒಂದೇ ಬದಿ, ಆ ತಗಡು ಇಲ್ಲದಿದ್ರೆ ಮೇ ತಿಂಗಳಲ್ಲಿ ಫ್ಲೋಟ್ ಬೌಲಲ್ಲೇ ಪೆಟ್ರೋಲ್ ಕುದೀತದೆ. ಬಿಚ್ಚಿ ತೊಳೆದವರು ವಾಪಸ್ ಹಾಕದೆ ಬಿಡುದು ತುಂಬ ನೋಡಿದ್ದೇನೆ.

ಪ್ರಶ್ನೆ (ಪುಣೆಯಿಂದ): ಅಣ್ಣಾರ ನನ್ ಕಡೆ ಎಂಜಿಬಿಗಿಂತ ಮೊದ್ಲ ಬಂದ ಎಂಜಿಎ 1500 ಐತ್ರಿ, ಇಂಜಿನ್ ಬಿಚ್ಚೀನಿ. ಎಲ್ಲಾರೂ ಅಂಬಾಸಡರ್ ಸಾಮಾನು ಹಾಕ್ರಿ ಬರೋಬ್ಬರಿ ಕೂಡ್ತಾವು ಅಂತಾರ, ಖರೇ ಏನ್ರಿ? ನಾನಾ ಪೇಠ ಎಲ್ಲಾ ಅಡ್ಡಾಡಿದೆ, ಜುನಾ ಬಜಾರದಾಗೂ ಹುಡುಕಿದೆ, ಎಂಜಿ ಅಂದ್ರ ಹೊಸಾ ಹೆಕ್ಟರ್ ಗಾಡಿ ಸಾಮಾನು ತೋರಸ್ತಾರ.

ಉತ್ತರ: ಅರ್ಧ ಸತ್ಯ. ಎರಡೂ ಬಿಎಂಸಿಯ (ಬ್ರಿಟಿಷ್ ಮೋಟರ್ ಕಾರ್ಪೊರೇಷನ್) ಬಿ ಸೀರೀಸ್ ಇಂಜಿನ್, ಎರಡೂ 1489 ಸಿಸಿ, ಬೋರ್ 73 ಮಿಲಿಮೀಟರ್, ಸ್ಟ್ರೋಕ್ 89 ಮಿಲಿಮೀಟರ್. ಹಾಗಾಗಿ ಅಂಗಡಿಯಲ್ಲಿ ಎಂಜಿ ಹೆಸರು ಎತ್ತಲೇಬೇಡಿ, ಅಂಬಾಸಡರ್ 1489 ಪೆಟ್ರೋಲ್ ಅಂತ ಕೇಳಿ. ಟೈಮಿಂಗ್ ಚೈನ್, ಟ್ಯಾಪೆಟ್, ಬೇರಿಂಗ್, ಇಂಥದ್ದಕ್ಕೆ ಅದು ಒಳ್ಳೇ ದಾರಿ, ಆದ್ರೆ ಹಳೇ ಪೀಸ್ ಕೈಯಲ್ಲಿ ಹಿಡ್ಕೊಂಡು ಹೋಗಿ ವರ್ನಿಯರ್ ಹಾಕಿ ಅಳೆದೇ ತಗೊಳ್ಳಿ. ಪಿಸ್ಟನ್, ಕ್ಯಾಮ್, ಹೆಡ್ ಮಾತ್ರ ಬೇಡ್ರಿ. ಎಂಜಿಎದು 8.3ರ ಕಂಪ್ರೆಷನ್, ಎರಡು ಕಾರ್ಬೊರೇಟರ್. ಅಂಬಾಸಡರ್ ನಿಧಾನ ಓಡಿಸ್ಲಿಕ್ಕೆ ಮಾಡಿದ ಇಂಜಿನ್. ಅದರ ಪಿಸ್ಟನ್ ಹಾಕಿದ್ರೆ ಗಾಡಿ ಓಡ್ತದೆ ನಿಜ, ಆದ್ರೆ ಆ ಗಾಡಿಯ ಗಮ್ಮತ್ತೇ ಹೋಗ್ತದೆ, ಅದಕ್ಕೆ ನನ್ನ ಮನಸ್ಸು ಒಪ್ಪುದಿಲ್ಲ.

ಅಂಬಾಸಡರ್ 2014ರಲ್ಲೇ ನಿಂತಿದೆ, ಹಳೇ ಸ್ಟಾಕ್ ಕರಗ್ತಾ ಉಂಟು. ಮುಂಬೈಗೆ ಬಂದ್ರೆ ಒಪೇರಾ ಹೌಸ್ ಕಡೆಯ ಹಳೇ ಸ್ಪೇರ್ ಅಂಗಡಿಗಳು, ಕುರ್ಲಾದ ಸಿಎಸ್‌ಟಿ ರೋಡ್, ಇಲ್ಲದಿದ್ರೆ ಕೋಲ್ಕತ್ತಾದ ಮಲ್ಲಿಕ್ ಬಜಾರ್. ಟ್ಯಾಕ್ಸಿ ಊರು ಅದು, ಅಲ್ಲಿ ಹೆಚ್ಚು ಸಿಗ್ತದೆ. ಮುಲುಂಡಿನವರೇ, ನೀವೂ ಓದಿ: ಎಂಜಿಬಿ 1798 ಸಿಸಿ, 1964ರ ಕೊನೆಯಿಂದ ಕ್ರ್ಯಾಂಕಿಗೆ ಐದು ಮೇನ್ ಬೇರಿಂಗ್, ಅಂಬಾಸಡರಿಗೆ ಮೂರೇ. ನಿಮಗೆ ಆ ಬೇರಿಂಗ್ ಬರುದಿಲ್ಲ. ಆದ್ರೆ ನಿಮ್ಮ ಗಾಡಿ 1962ರಿಂದ 1980ರ ತನಕ 5 ಲಕ್ಷಕ್ಕೂ ಜಾಸ್ತಿ ತಯಾರಾದದ್ದು, ಹಾಗಾಗಿ ಇಂಗ್ಲೆಂಡಲ್ಲಿ ಈಗಲೂ ಹೊಸ ಸಾಮಾನು ಮಾಡ್ತಾರೆ. ಎಸ್‌ಯು ಪಂಪ್, ಕಾರ್ಬೊರೇಟರ್ ಕಿಟ್ ಬರ್ಲೆನ್ ಕಂಪನಿಯದ್ದು, ಬಾಡಿ ತಗಡು ಬ್ರಿಟಿಷ್ ಮೋಟರ್ ಹೆರಿಟೇಜಿನದ್ದು. ತರಿಸುವಾಗ ಬರೀ ಇಸವಿ ಹೇಳಿದ್ರೆ ಸಾಲದು, ಚಾಸಿ ನಂಬರ್, ಇಂಜಿನ್ ನಂಬರಿನ ಮುಂದಿನ ಅಕ್ಷರ ಎರಡೂ ಕೊಡಿ, ಯಾಕಂದ್ರೆ ಅರುವತ್ತು ವರ್ಷದಲ್ಲಿ ಯಾರು ಯಾವ ಇಂಜಿನ್ ಕೂರಿಸಿದ್ದಾರೋ. ಸಣ್ಣಪುಟ್ಟದ್ದೆಲ್ಲ ಪಟ್ಟಿ ಮಾಡಿ ಒಂದೇ ಪಾರ್ಸಲಲ್ಲಿ ತರಿಸಿ, ಕೊರಿಯರ್ ಖರ್ಚು ಉಳೀತದೆ.

ಪ್ರಶ್ನೆ (ಮಡಗಾಂವ್‌ನಿಂದ): ಸರ್ ನಂದೂ ಎಂಜಿಬಿ, ಸಮುದ್ರದ ಗಾಳಿಗೆ ಬಾಗಿಲ ಕೆಳಗಿನ ಪಟ್ಟಿ ಪೂರ್ತಿ ತುಕ್ಕು, ಬೆರಳಲ್ಲಿ ಒತ್ತಿದ್ರೆ ಒಳಗೆ ಹೋಗ್ತದೆ. ಇಲ್ಲಿ ವೆಲ್ಡಿಂಗಿನವರು ಒಂದೇ ದಿನದಲ್ಲಿ ಕತ್ತರಿಸಿ ಪ್ಯಾಚ್ ಹಾಕಿ ಕೊಡ್ತೇನೆ ಅಂತಾರೆ. ಮತ್ತೆ ಪೆಟ್ರೋಲ್ ಹೋಗುವ ರಬ್ಬರ್ ಪೈಪಿಂದ ಪೆಟ್ರೋಲ್ ವಾಸನೆ ಬರ್ತಾ ಇದೆ.

ಉತ್ತರ: ಕತ್ತರಿಸ್ಲಿಕ್ಕೆ ಬಿಡ್ಬೇಡಿ ಸರ್, ದಯವಿಟ್ಟು. ಈ ಗಾಡಿಗೆ ಬೇರೆ ಚಾಸಿ ಇಲ್ಲ, ಮೇಲೆ ಟಾಪೂ ಇಲ್ಲ, ಇಡೀ ಗಾಡಿಯ ಬೆನ್ನೆಲುಬೇ ಬಾಗಿಲ ಕೆಳಗಿನ ಆ ಪಟ್ಟಿ, ಅದಕ್ಕೆ ಸಿಲ್ ಅಂತಾರೆ. ಹೊರಗೆ ಕಾಣುವ ತಗಡಿನ ಒಳಗೆ ಇನ್ನೂ ಪದರ ಉಂಟು, ಹೊರಗೆ ಪ್ಯಾಚ್ ಬಡಿದ್ರೆ ಒಳಗಿನ ಕೊಳೆ ಹಾಗೇ ಉಳೀತದೆ. ಸಪೋರ್ಟ್ ಇಲ್ಲದೆ ಕತ್ತರಿಸಿದ್ರೆ ಗಾಡಿ ನಡುವಲ್ಲಿ ಕುಸಿದು ಆಮೇಲೆ ಬಾಗಿಲು ಹಾಕ್ಲಿಕ್ಕೇ ಬರುದಿಲ್ಲ. ಮೊದಲು ಬಾಗಿಲ ಚೌಕಟ್ಟಿಗೆ ಅಡ್ಡ ಕಬ್ಬಿಣದ ಪೈಪ್ ವೆಲ್ಡ್ ಮಾಡಿ ಬಿಗಿಸ್ಬೇಕು, ಗಾಡಿ ಸಮ ನೆಲದಲ್ಲಿ ಸ್ಟ್ಯಾಂಡ್ ಮೇಲೆ ಕೂತಿರ್ಬೇಕು, ಒಂದು ಬದಿ ಪೂರ್ತಿ ಮುಗಿಸಿ ಬಾಗಿಲು ಹಾಕಿ ತೆಗೆದು ನೋಡಿಯೇ ಇನ್ನೊಂದು ಬದಿ ಮುಟ್ಬೇಕು. ಇದು ವಾರಗಟ್ಟಲೆ ಕೆಲಸ. ಕೆಲಸ ಮುಗಿದ ಮೇಲೆ ಒಳಗೆ ವ್ಯಾಕ್ಸ್ ಹೊಡಿಸಿ, ಕೆಳಗಿನ ನೀರು ಇಳಿಯುವ ತೂತು ಮುಚ್ಚಿಸ್ಬೇಡಿ.

ವಾಸನೆ ಬರ್ತಾ ಇದ್ರೆ ಇವತ್ತೇ ಓಡಿಸುದು ನಿಲ್ಲಿಸಿ. ಈಗ ಬಂಕಲ್ಲಿ ಸಿಗುದು ಇ20 ಪೆಟ್ರೋಲ್, ಅಂದ್ರೆ ನೂರಕ್ಕೆ 20ರಷ್ಟು ಎಥನಾಲ್ ಬೆರೆಸಿದ್ದು, ಹಳೇ ರಬ್ಬರ್ ಅದನ್ನು ತಡೆಯುದಿಲ್ಲ, ಒಳಗಿಂದ ಮೆತ್ತಗಾಗಿ ಬಿರುಕು ಬಿಡ್ತದೆ. ಪೈಪ್ ತಗೊಳ್ಳುವಾಗ ಮೇಲೆ ಎಸ್‌ಎಇ ಜೆ30 ಆರ್9 ಅಂತ ಅಚ್ಚು ಇರುದನ್ನೇ ತಗೊಳ್ಳಿ, ಫ್ಲೋಟಿನ ಸೂಜಿಯೂ ವಿಟಾನ್ ರಬ್ಬರ್ ತುದಿಯದ್ದು ಹಾಕಿ. ಎಥನಾಲ್ ನೀರು ಎಳ್ಕೊಳ್ತದೆ, ಗೋವಾದ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಅದೇ ಪೆಟ್ರೋಲ್ ಟ್ಯಾಂಕಲ್ಲಿ ಬಿಡ್ಬೇಡಿ. ಮತ್ತೆ ಬಾಗಿಲು ಮುಚ್ಚಿದಾಗ ಬಾಗಿಲಿನ ಹಿಂದಿನ ಅಂಚಿನ ಗ್ಯಾಪ್ ಮೇಲೆ ಎಷ್ಟು, ಕೆಳಗೆ ಎಷ್ಟು ಅಂತ ಎರಡೂ ಬದಿ ಅಳೆದು ಫೋಟೋ ಸಮೇತ ಹಾಕಿ. ಗಾಡಿ ಈಗಾಗಲೇ ಕುಸಿದಿದೆಯಾ ಇಲ್ವಾ ಅಂತ ಅದರಲ್ಲೇ ಗೊತ್ತಾಗ್ತದೆ, ಆಮೇಲೆ ತಗಡು ಎಷ್ಟು ತರಿಸ್ಬೇಕು ಅಂತ ನೋಡುವಾ.