ತಾತನ ಟ್ರಂಕಿನ ಮೇಲಿರುವ ಹೆಸರು: ಫೌಲರೋ, ವೌಲರೋ?

ಸಿದ್ದಾಪುರದ ಮೊಮ್ಮಗಳು:
ಎಲ್ಲರಿಗೂ ನಮಸ್ಕಾರ. ನನ್ನ ತಾತ ಸಿದ್ದಾಪುರದ ಹತ್ತಿರ ಒಂದು ಕಾಫಿ ಎಸ್ಟೇಟ್‌ನಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ, ಆಗಿದ್ದರು. ಎಸ್ಟೇಟಿನ ಬ್ರಿಟಿಷ್ ದೊರೆ ತೋಟ ಮಾರಿ ಹೊರಟಾಗ ಒಂದು ತಗಡಿನ ಟ್ರಂಕ್ ಕೊಟ್ಟು ಹೋದರಂತೆ. ಅಜ್ಜಿ ಅದರಲ್ಲಿ ಒಳ್ಳೆಮೆಣಸು ತುಂಬಿಡುತ್ತಿದ್ದರು. ಈಗಲೂ ಮುಚ್ಚಳ ತೆಗೆದರೆ ಘಾಟು ಮೂಗಿಗೆ ಹೊಡೆಯುತ್ತದೆ. ಮೇಲೆ ಬಿಳಿ ಬಣ್ಣದಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ, 'ವೌಲರ್' ಅಂತ ಇದೆ. ಅದರ ಕೆಳಗಿನ ಪದವನ್ನು ತುಕ್ಕು ತಿಂದಿದೆ.

1854ರಲ್ಲಿ ಮಡಿಕೇರಿಯಲ್ಲಿ ತೋಟ ಮಾಡಿದ ಮೊದಲ ಯುರೋಪಿಯನ್ ಪ್ಲಾಂಟರ್ ಹೆಸರು ಫೌಲರ್ ಅಲ್ವಾ? ಇವರೂ ಅದೇ ಮನೆತನವಾ? ಬರೆದವರು ಎಫ್ ಬದಲು ವಿ ಹಾಕಿಬಿಟ್ಟರಾ? ಅಪ್ಪ ಟ್ರಂಕಿಗೆ ಪೇಂಟ್ ಹೊಡೆಸುತ್ತೇನೆ ಅನ್ನುತ್ತಿದ್ದಾರೆ. ಅಷ್ಟರೊಳಗೆ ತಿಳಿದುಕೊಳ್ಳಬೇಕು.

ಮಡಿಕೇರಿ ಮೇಷ್ಟ್ರು:
ಪೇಂಟ್ ಹೊಡೆಸಬೇಡಮ್ಮ, ದಯವಿಟ್ಟು! ಅದು ತಪ್ಪು ಬರಹ ಅಲ್ಲ. ಫೌಲರ್ ಅಂದರೆ ಹಕ್ಕಿ ಹಿಡಿಯುವವನು. ಫೌಲ್ ಅಂದರೆ ಈಗ ಕೋಳಿ, ಹಳೇ ಇಂಗ್ಲಿಷ್‌ನಲ್ಲಿ ಯಾವ ಹಕ್ಕಿಗಾದರೂ ಅದೇ ಪದ. ಇಂಗ್ಲೆಂಡಿನ ಡೆವನ್, ಸಾಮರ್‌ಸೆಟ್ ಕಡೆಯ ಹಳ್ಳಿಯವರು ಪದದ ಮೊದಲಿಗೆ ಬರುವ ಎಫ್ ಅನ್ನು ವಿ ಮಾಡಿ ಆಡುತ್ತಿದ್ದರು. ಚರ್ಚಿನಲ್ಲಿ ಕಿವಿಗೆ ಬಿದ್ದ ಹಾಗೆ ಬರೆದುಕೊಂಡರು, ವೌಲರ್ ಆಯ್ತು. ಗಂಡು ನರಿ ಫಾಕ್ಸ್, ಹೆಣ್ಣು ನರಿ ವಿಕ್ಸನ್. ಅಲ್ಲೂ ಇದೇ ಕಥೆ. ನಮ್ಮ ಕನ್ನಡದ ಹತ್ತು, ಹಾಲು ಕೊಡವ ತಕ್ಕಿನಲ್ಲಿ (ಕೊಡವ ಭಾಷೆಯಲ್ಲಿ) ಪತ್ತ್, ಪಾಲ್ ಅಲ್ವಾ? ಹಾಗೇ.

ಪೊನ್ನಂಪೇಟೆಯವ:
ಮೇಷ್ಟ್ರು ಹೇಳಿದ್ದು ಸರಿ. ಆದರೆ ಅಕ್ಕ, 1854ರ ಫೌಲರ್ ಜೊತೆ ಸುಮ್ನೆ ಗಂಟು ಹಾಕಬೇಡಿ. ನಮ್ಮ ಕೊಡವರಲ್ಲಿ ಒಕ್ಕದ (ಮನೆತನದ) ಹೆಸರು ಒಂದೇ ಅಂದರೆ ಸಾಮಾನ್ಯವಾಗಿ ಐನ್‌ಮನೆಯೂ (ಮೂಲ ಮನೆಯೂ) ಒಂದೇ. ಅವರದ್ದು ಹಾಗಲ್ಲ, ಇದು ಕಸುಬಿನ ಹೆಸರು. ಹಕ್ಕಿ ಹಿಡಿಯುವವರು ಎಲ್ಲೆಲ್ಲಿ ಇದ್ದರೋ ಅಲ್ಲೆಲ್ಲ ಫೌಲರ್ ಹುಟ್ಟಿಕೊಂಡ. ಹಬೆಯಿಂದ ನಡೆಯುವ ನೇಗಿಲು ಮಾಡಿದ ಜಾನ್ ಫೌಲರ್ ವಿಲ್ಟ್‌ಶೈರ್‌ನವರು. ಸ್ಕಾಟ್ಲೆಂಡಿನ ಫೋರ್ತ್ ಸೇತುವೆಯ ಇಂಜಿನಿಯರ್ ಕೂಡ ಜಾನ್ ಫೌಲರ್, ಅವರು ಹುಟ್ಟಿದ್ದು ಶೆಫೀಲ್ಡ್‌ನಲ್ಲಿ.

ನಿಮ್ಮ ಟ್ರಂಕಿನ ವಿ ಅಕ್ಷರವೇ ನಿಮಗೆ ದಾರಿ. ಫೌಲರ್‌ಗಳು ಇಂಗ್ಲೆಂಡ್ ತುಂಬ ಇದ್ದಾರೆ, ವೌಲರ್‌ಗಳು ಕಡಿಮೆ. ಅಲ್ಲಿನ ಚರ್ಚುಗಳು 1538ರಿಂದ ನಾಮಕರಣ, ಮದುವೆ, ಸಾವು ಬರೆದಿಡಬೇಕಿತ್ತು. ಹುಡುಕುವಾಗ ಎಫ್, ವಿ ಎರಡೂ ನೋಡಿ. ಒಂದೇ ಮನೆಯಲ್ಲಿ ಅಣ್ಣನಿಗೆ ಎಫ್, ತಮ್ಮನಿಗೆ ವಿ ಬಿದ್ದಿರಬಹುದು. ಇಲ್ಲಿನ ಬ್ರಿಟಿಷರ ಚರ್ಚ್ ದಾಖಲೆಗಳ ನಕಲೂ ಲಂಡನ್‌ಗೆ ಹೋಗುತ್ತಿತ್ತು. ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ನೋಡಿ.

ಸಿದ್ದಾಪುರದ ಮೊಮ್ಮಗಳು:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅಪ್ಪ ಪೇಂಟ್ ಡಬ್ಬ ಒಳಗಿಟ್ಟರು. ರಾತ್ರಿ ಲೈಟ್ ಆರಿಸಿ, ಟಾರ್ಚನ್ನು ಮುಚ್ಚಳಕ್ಕೆ ಒತ್ತಿ ಪಕ್ಕದಿಂದ ಬೆಳಕು ಬಿಟ್ಟೆ. ಬಣ್ಣ ಹೋಗಿದ್ದರೂ ಬ್ರಷ್ ಎಳೆದ ಗೆರೆ ಸ್ವಲ್ಪ ಉಬ್ಬಿಕೊಂಡಿದೆ. ಕೆಳಗಿನ ಪದದಲ್ಲಿ ಬಿ, ಐ, ಡಿ ಅಂತ ಮೂರು ಅಕ್ಷರ ಕಂಡವು. ಡೆವನ್‌ನಲ್ಲಿ ಹಾಗೆ ಶುರುವಾಗುವ ಊರು ಇದೆಯಾ ಮೇಷ್ಟ್ರೇ?

ಮಡಿಕೇರಿ ಮೇಷ್ಟ್ರು:
ಇದೆ! ಬಿಡಿಫರ್ಡ್. ಟಾರಿಜ್ ನದಿ ದಡದ ಹಳೇ ಬಂದರು, 24 ಕಮಾನಿನ ಉದ್ದ ಸೇತುವೆ ಇದೆ. ಅಮೆರಿಕ, ಕೆನಡಾ ಕಡೆಗೆ ಎಷ್ಟೋ ಸಂಸಾರಗಳು ಅಲ್ಲಿಂದಲೇ ಹಡಗು ಹತ್ತಿದವು. ಆ ಊರಿನ ಚರ್ಚ್ ಪುಸ್ತಕದಿಂದಲೇ ಶುರು ಮಾಡಮ್ಮ. ಟಾರ್ಚ್ ಬೆಳಕಿನಲ್ಲಿ ತೆಗೆದ ಫೋಟೋ ಇದ್ದರೆ ಇಲ್ಲಿ ಹಾಕು, ಉಳಿದ ಅಕ್ಷರ ನಾನೂ ನೋಡುತ್ತೇನೆ.