ಮನೆಯಲ್ಲೇ ಇಂಜಿನ್ ಕ್ಲೀನ್ ಮಾಡಬಹುದಾ? ಗ್ಯಾರೇಜಿನವರಿಗೆ ನಮ್ಮ ಗುಂಪಿನ ಪ್ರಶ್ನೆಗಳು

ಪ್ರಶ್ನೆ (ನಿಟ್ಟುವಳ್ಳಿ, ದಾವಣಗೆರೆ): ಅಣ್ಣಾ ನಮಸ್ತೆ. ನಮ್ಮದು ಏಳು ವರ್ಷದ ಪೆಟ್ರೋಲ್ ಕಾರು. ಆಯುಧ ಪೂಜೆ ಬಂತಲ್ಲ, ಈ ಸಲ ಬಾನೆಟ್ ಒಳಗೂ ಕ್ಲೀನ್ ಮಾಡೋಣ ಅಂತ ತೆಗೆದು ನೋಡಿದೆ. ಧೂಳು ದಪ್ಪಗೆ ಕೂತಿದೆ, ಒಂದು ಮೂಲೆಯಲ್ಲಿ ಆಯಿಲ್ ಜಿಡ್ಡೂ ಇದೆ. ನಮ್ಮ ಮನೆಯವರು "ಮಳೇಲಿ ಓಡಿಸ್ತೀವಲ್ಲ, ಪೈಪ್ ಹಿಡಿದು ನೀರು ಬಿಟ್ರೆ ಏನಾಗುತ್ತೆ" ಅಂತಾರೆ. ನನಗೆ ಭಯ. ಏನು ಮಾಡಲಿ?

ಉತ್ತರ: ಅಕ್ಕಾ, ನಿಮ್ಮ ಭಯ ಸರಿಯಾಗಿಯೇ ಇದೆ. ಮಳೆಯ ನೀರು ಚಕ್ರದಿಂದ, ಕೆಳಗಿನಿಂದ ಸಿಡಿಯುತ್ತೆ. ಅದಕ್ಕೆ ತಕ್ಕ ಹಾಗೆ ಅಡ್ಡ ಹಲಗೆ, ರಬ್ಬರ್ ಎಲ್ಲ ಕೊಟ್ಟಿರುತ್ತಾರೆ. ಬಾನೆಟ್ ತೆಗೆದು ಮೇಲಿನಿಂದ ನೇರವಾಗಿ ಪೈಪ್ ಹಿಡಿಯೋದು ಬೇರೆಯೇ ಲೆಕ್ಕ. ವೈರ್ ಜೋಡಿಸುವ ಕಪ್ಲರ್ ಒಳಗೆ, ಸ್ಪಾರ್ಕ್ ಪ್ಲಗ್ ಕೂರುವ ಗುಂಡಿಯೊಳಗೆ, ಬ್ಯಾಟರಿ ಚಾರ್ಜ್ ಮಾಡುವ ಡೈನಮೋ ಒಳಗೆ ನೀರು ಹೋಗುತ್ತೆ.

ಇನ್ನೊಂದು ಮಾತು. ಇಂಜಿನ್ ಮೇಲೆ ಧೂಳು ಕೂತರೆ ಮೈಲೇಜ್ ಬೀಳಲ್ಲ, ಪಿಕಪ್ ಕಮ್ಮಿ ಆಗಲ್ಲ. ಒಳಗೆ ಹೋಗುವ ಗಾಳಿ ಏರ್ ಫಿಲ್ಟರ್ ದಾಟಿಯೇ ಹೋಗೋದು. ಹಾಗಾಗಿ ತೊಳೆಯಲೇಬೇಕು ಅಂತೇನಿಲ್ಲ. ಒರೆಸಿದರೆ ಸಾಕು. ಅದಕ್ಕೆ ಒಂದು ಬಕೆಟ್ ನೀರೂ ಬೇಡ.

ಮೊದಲು ಇಂಜಿನ್ ಪೂರ್ತಿ ತಣ್ಣಗಾಗಿರಬೇಕು. ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡೋಕೆ ಮುಂಚೆ ಮಾಡಿದರೆ ಒಳ್ಳೆಯದು. ಬಿಸಿ ಸೈಲೆನ್ಸರ್ ಪೈಪ್ ಮೇಲೆ ತಣ್ಣೀರು ಬಿದ್ದರೆ ಲೋಹ ಬಿರುಕು ಬಿಡುವ ಸಾಧ್ಯತೆ ಇದೆ. ಕ್ಲೀನಿಂಗ್ ಲಿಕ್ವಿಡ್ಡೂ (ಜಿಡ್ಡು ತೆಗೆಯುವ ಡಿಗ್ರೀಸರ್) ಬಿಸಿಗೆ ಅಲ್ಲೇ ಒಣಗಿ ಕಲೆಯಾಗುತ್ತೆ. ಕೈ ಸುಡೋದಂತೂ ಇದ್ದೇ ಇದೆ. ಕೆಲವು ಗಾಡಿಗಳಲ್ಲಿ ಕೀ ತೆಗೆದ ಮೇಲೂ ರೇಡಿಯೇಟರ್ ಫ್ಯಾನ್ ತಾನಾಗೇ ತಿರುಗುತ್ತೆ, ಕೈ ಬೆರಳು ಹುಷಾರು.

ಆಮೇಲೆ ಬ್ಯಾಟರಿಯ ನೆಗೆಟಿವ್ (ಮೈನಸ್ ಗುರುತಿನ) ವೈರ್ ತೆಗೆಯಿರಿ. ಹೆಚ್ಚಿನ ಗಾಡಿಗಳಿಗೆ 10 ನಂಬರ್ ಸ್ಪ್ಯಾನರ್ ಸಾಕು. ತೆಗೆಯೋವಾಗ ನೆಗೆಟಿವ್ ಮೊದಲು, ಹಾಕೋವಾಗ ನೆಗೆಟಿವ್ ಕೊನೆಗೆ. ಕೀ ಜೇಬಲ್ಲಿರಲಿ, ಒಂದು ಕಿಟಕಿ ಗ್ಲಾಸ್ ಮೊದಲೇ ಇಳಿಸಿಡಿ. ಬ್ಯಾಟರಿ ತೆಗೆದ ಮೇಲೆ ರಿಮೋಟ್ ಕೆಲಸ ಮಾಡಲ್ಲ. ಗಡಿಯಾರ ಮತ್ತೆ ಸೆಟ್ ಮಾಡಬೇಕಾಗುತ್ತೆ. ಮ್ಯೂಸಿಕ್ ಸಿಸ್ಟಮ್‌ಗೆ ಕೋಡ್ ಕೇಳುವ ಗಾಡಿ ಆಗಿದ್ದರೆ ಅದನ್ನು ಮೊದಲೇ ಹುಡುಕಿಟ್ಟುಕೊಳ್ಳಿ.

ಈಗ ಒಣ ಕೆಲಸ. ವೈಪರ್ ಕೆಳಗಿನ ಜಾಲರಿಯಲ್ಲಿ ಬೇವಿನ ಎಲೆ, ಹೊಂಗೆ ಎಲೆ ಇದ್ದರೆ ಕೈಯಿಂದ ತೆಗೆಯಿರಿ. ಅಲ್ಲಿ ನೀರು ಹೋಗುವ ತೂತು ಕಟ್ಟಿಕೊಂಡರೆ ಮಳೆಗಾಲದಲ್ಲಿ ನೀರು ಕಾರಿನೊಳಗೆ ಕಾಲಡಿಗೆ ಬರುತ್ತೆ. ಇದನ್ನು ಯಾರೂ ನೋಡಲ್ಲ, ನಿಜವಾಗಿ ಮಾಡಬೇಕಾದ ಕೆಲಸ ಇದೇ. ಆಮೇಲೆ ಪೇಂಟ್ ಹೊಡೆಯುವ ಮೆತ್ತನೆಯ ಬ್ರಷ್‌ನಿಂದ ಧೂಳು ಉದುರಿಸಿ. ಹಿಂದೆಯೇ ಬ್ಲೋವರ್ ಇದ್ದರೆ ಊದಿಸಿ. ಅರ್ಧಕ್ಕಿಂತ ಜಾಸ್ತಿ ಕೊಳೆ ಇಲ್ಲೇ ಹೋಗುತ್ತೆ.

ಉಳಿದದ್ದಕ್ಕೆ ಒದ್ದೆ ಬಟ್ಟೆ. ಅದಕ್ಕೂ ಮುಂಚೆ ಡೈನಮೋ, ಫ್ಯೂಸ್ ಬಾಕ್ಸ್, ಇಸಿಎಂ (ಇಂಜಿನ್‌ನ ಕಂಪ್ಯೂಟರ್), ಏರ್ ಫಿಲ್ಟರ್ ಬಾಯಿ, ಪ್ಲಗ್‌ಗೆ ಕರೆಂಟು ಕೊಡುವ ಕಾಯಿಲ್‌ಗಳ ಮೇಲೆ ಪ್ಲಾಸ್ಟಿಕ್ ಕವರ್ ಕಟ್ಟಿ. ಹಾಲಿನ ಕವರ್ ಆದರೂ ಆದೀತು, ರಬ್ಬರ್ ಬ್ಯಾಂಡ್ ಹಾಕಿ. ಆಯಿಲ್ ಕ್ಯಾಪ್, ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ), ಬ್ರೇಕ್ ಆಯಿಲ್ ಮುಚ್ಚಳ ಬಿಗಿಯಾಗಿವೆಯಾ ನೋಡಿ. ಲಿಕ್ವಿಡ್ಡನ್ನು ಬಟ್ಟೆಗೆ ಹೊಡೆದು ಒರೆಸಿ, ಇಂಜಿನ್‌ಗೆ ನೇರವಾಗಿ ಹೊಡೆಯಬೇಡಿ. ಜಿಡ್ಡಿನ ಜಾಗಕ್ಕೆ ಮಾತ್ರ ಬ್ರಷ್‌ನಲ್ಲಿ ಲಿಕ್ವಿಡ್ ಹಚ್ಚಿ, ಒಂದೆರಡು ನಿಮಿಷ ಬಿಟ್ಟು, ಒದ್ದೆ ಬಟ್ಟೆಯಿಂದ ಎರಡು ಸಲ ತೆಗೆಯಿರಿ. ಬೆಲ್ಟ್ ಹತ್ತಿರ ಹೋಗಬೇಡಿ. ಬೆಲ್ಟ್‌ಗೆ ಲಿಕ್ವಿಡ್ ತಾಗಿದರೆ ಜಾರಿ ಕಿಂಯ್ ಅಂತ ಕೂಗುತ್ತೆ.

ಮುಗಿದ ಮೇಲೆ ಕವರ್ ಎಲ್ಲ ತೆಗೆದು ಬಾನೆಟ್ ತೆಗೆದಿಟ್ಟು ಬಿಸಿಲಿಗೆ ಒಣಗಲು ಬಿಡಿ. ಒರೆಸಿದ್ದಷ್ಟೇ ಆದರೆ ಒಂದು ಗಂಟೆ ಸಾಕು. ಬಟ್ಟೆ, ಬ್ರಷ್ ಏನೂ ಒಳಗೆ ಉಳಿದಿಲ್ಲ ಅಂತ ನೋಡಿಕೊಂಡು ಬ್ಯಾಟರಿ ಹಾಕಿ, ಸ್ಟಾರ್ಟ್ ಮಾಡಿ ಐದು ನಿಮಿಷ ಹಾಗೇ ಬಿಡಿ.

ಹಾಂ, ಆ ಆಯಿಲ್ ಜಿಡ್ಡಿನ ಮೂಲೆ. ಒರೆಸೋಕೆ ಮುಂಚೆ ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಯಾಕೆ ಅಂತ ಆಮೇಲೆ ಹೇಳ್ತೀನಿ.

ಪ್ರಶ್ನೆ (ಹರಿಹರ): ಇಷ್ಟೆಲ್ಲ ಯಾಕಪ್ಪಾ? ನಾವು ಲಾರಿ ಇಟ್ಟಿದ್ದ ಕಾಲದಲ್ಲಿ ಡೀಸೆಲ್ ಹೊಡೆದು, ಬ್ರಷ್ ಹಾಕಿ, ನದಿ ದಂಡೆಯಲ್ಲಿ ತೊಳೆದು ಬರ್ತಿದ್ವಿ. ಇಂಜಿನ್ ಕನ್ನಡಿ ತರ ಹೊಳೀತಿತ್ತು. ಏನೂ ಆಗಿಲ್ಲ.

ಉತ್ತರ: ಯಜಮಾನ್ರೇ, ಆಗ ಆಗ್ತಿರಲಿಲ್ಲ, ನಿಜ. ಆ ಲಾರಿಗಳಲ್ಲಿ ಪಂಪು, ನಾಜಲ್ಲು ಎಲ್ಲ ಮೆಕ್ಯಾನಿಕಲ್. ಕರೆಂಟಿನ ವಸ್ತು ಅಂದರೆ ಸೆಲ್ಫು, ಡೈನಮೋ, ನಾಲ್ಕು ವೈರು. ಈಗಿನ ಕಾರಿನಲ್ಲಿ ಎಲ್ಲಿ ಮುಟ್ಟಿದರೂ ಸೆನ್ಸರ್. ಡೀಸೆಲ್, ಸೀಮೆಎಣ್ಣೆ ಜಿಡ್ಡು ತೆಗೆಯುತ್ತೆ, ಸುಳ್ಳಲ್ಲ. ಆದರೆ ಕೂಲೆಂಟ್ ಪೈಪ್‌ನ ರಬ್ಬರ್ ಎಣ್ಣೆ ತಾಗಿದರೆ ಉಬ್ಬಿ ಮೆತ್ತಗಾಗುವ ಜಾತಿಯದು. ಡೀಸೆಲ್ ಪಸೆ ಉಳಿದರೆ ವಾರದಲ್ಲಿ ಡಬಲ್ ಧೂಳು ಹಿಡಿಯುತ್ತೆ. ಪೆಟ್ರೋಲ್ ಹಾಕಿ ಒರೆಸುವವರೂ ಇದ್ದಾರೆ, ಅದನ್ನಂತೂ ಯಾರೂ ಮಾಡಬೇಡಿ. ಅದರ ಆವಿ ಕೆಳಗೆ ನಿಲ್ಲುತ್ತೆ, ಒಂದು ಕಿಡಿ ಸಾಕು.

ನೀರಿನಲ್ಲಿ ಬೆರೆಸುವ ಡಿಗ್ರೀಸರ್ ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತೆ. ಡಬ್ಬಿ ಮೇಲೆ ಹೇಳಿದಷ್ಟೇ ಬೆರೆಸಿ, ಗಟ್ಟಿಯಾದರೆ ಒಳ್ಳೆಯದು ಅಂತ ಲೆಕ್ಕ ಹಾಕಬೇಡಿ. ಕಾಸ್ಟಿಕ್ ಸೋಡಾ ಇರುವ ಪುಡಿ, ಬಾತ್‌ರೂಮ್ ಆಸಿಡ್ ಎರಡೂ ಬೇಡ. ಅಲ್ಯೂಮಿನಿಯಂ ತಿಂದು ಹಾಕುತ್ತೆ. ಆಮೇಲೆ ನದಿ ದಂಡೆ ವಿಚಾರ ಯಜಮಾನ್ರೇ, ಅದೇ ತುಂಗಭದ್ರೆ ನೀರನ್ನೇ ನಾವು ಕುಡಿಯೋದು. ಜಿಡ್ಡಿನ ಬಟ್ಟೆ ಬೇರೆ ಕವರ್‌ಗೆ ಹಾಕಿ, ಕೆಳಗೆ ಬಿದ್ದ ಆಯಿಲ್ ಮೇಲೆ ಮರದ ಹೊಟ್ಟು ಹಾಕಿ ಗುಡಿಸಿ. ಚರಂಡಿಗೂ ಬೇಡ.

ಪ್ರಶ್ನೆ (ಚಿತ್ರದುರ್ಗ): ಸರ್, ನಾನು ಈ ಚರ್ಚೆ ಲೇಟಾಗಿ ನೋಡಿದೆ. ಮೊನ್ನೆ ವಾಟರ್ ವಾಶ್‌ಗೆ ಬಿಟ್ಟಾಗ ಅಲ್ಲಿನ ಹುಡುಗ ಕೇಳದೇ ಬಾನೆಟ್ ಎತ್ತಿ ಪ್ರೆಶರ್ ಗನ್ ಹೊಡೆದಿದ್ದಾನೆ. ಅಲ್ಲಿಂದ ಗಾಡಿ ಜರ್ಕ್ ಹೊಡೀತಿದೆ. ಇಂಜಿನ್ ಲೈಟ್ ಒಮ್ಮೆ ಮಿನುಗುತ್ತೆ, ಒಮ್ಮೆ ಹಾಗೇ ಉರಿಯುತ್ತೆ. ನಾಳೆ ದಾವಣಗೆರೆಗೆ ಹೋಗಬೇಕು. ಹೈವೇನಲ್ಲಿ ಓಡಿಸಿದರೆ ಬಿಸಿಗೆ ಒಣಗುತ್ತೆ ಅಂತಿದ್ದಾರೆ, ಹೌದಾ?

ಉತ್ತರ: ಸರ್, ಓಡಿಸಬೇಡಿ. ಇದು ಮುಖ್ಯ, ಎಲ್ಲರೂ ಓದಿ. ಇಂಜಿನ್ ಲೈಟ್ ಸುಮ್ನೆ ಉರಿಯೋದು ಬೇರೆ, ಮಿನುಗೋದು ಬೇರೆ. ಮಿನುಗಿತು ಅಂದರೆ ಯಾವುದೋ ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದೆ ಹೊರಗೆ ಬರ್ತಿದೆ ಅಂತ. ಅದು ಸೈಲೆನ್ಸರ್ ಪೈಪ್‌ನಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತೆ. ಅದು ಹಾಳಾದರೆ ಸಾವಿರಗಟ್ಟಲೆ ಖರ್ಚು. ಈಗ ಆಗಿರುವ ತೊಂದರೆ ಬಹುಶಃ ನೂರಿನ್ನೂರರ ಕೆಲಸ.

ಹೆಚ್ಚಿನ ಸಲ ಆಗೋದು ಇಷ್ಟೇ. ಪ್ಲಗ್ ಇರುವ ಗುಂಡಿಯಲ್ಲಿ ನೀರು ನಿಂತಿರುತ್ತೆ. ಕಾಯಿಲ್‌ನ ಕರೆಂಟು ಪ್ಲಗ್‌ಗೆ ಹೋಗುವ ಬದಲು ನೀರಿನ ದಾರಿಯಲ್ಲಿ ಇಂಜಿನ್‌ನ ಲೋಹಕ್ಕೆ ಹೋಗುತ್ತೆ. ಮೇಲೆ ಕಾಯಿಲ್ ರಬ್ಬರ್ ಮುಚ್ಚಿರುವುದರಿಂದ ಆ ನೀರು ಬೇಗ ಆರಲ್ಲ.

ಇಂಜಿನ್ ತಣ್ಣಗಿರುವಾಗ ನೆಗೆಟಿವ್ ತೆಗೆದು, ಕಾಯಿಲ್‌ಗಳ ಕಪ್ಲರ್ ಬಿಡಿಸಿ, ಒಂದೊಂದೇ ಕಾಯಿಲ್ ಮೇಲೆ ಎತ್ತಿ ಗುಂಡಿ ನೋಡಿ. ನೀರಿದ್ದರೆ ಗಾಳಿಯಿಂದ ಊದಿಸಿ. ಕಣ್ಣಿಗೆ ಕನ್ನಡಕ ಇರಲಿ, ನೀರು ಮುಖಕ್ಕೇ ಎರಚುತ್ತೆ. ನೀರು ಇರುವಾಗ ಪ್ಲಗ್ ಮಾತ್ರ ಬಿಚ್ಚಬೇಡಿ, ಆ ನೀರು ನೇರ ಸಿಲಿಂಡರ್ ಒಳಗೆ ಇಳಿಯುತ್ತೆ. ಕಾಯಿಲ್‌ನ ರಬ್ಬರ್ ಒರೆಸಿ ಒಣಗಿಸಿ ವಾಪಸ್ ಹಾಕಿ. ಇದನ್ನು ನೀವೇ ಮಾಡಲು ಧೈರ್ಯ ಇಲ್ಲದಿದ್ದರೆ ಹತ್ತಿರದ ಮೆಕ್ಯಾನಿಕ್‌ನನ್ನು ನಿಮ್ಮ ಮನೆಗೇ ಕರೆಸಿ. ಒಣಗಿದ ಮೇಲೂ ಜರ್ಕ್ ಇದ್ದರೆ ಸ್ಕ್ಯಾನರ್ ಹಾಕಿ ಯಾವ ಸಿಲಿಂಡರ್ ಅಂತ ನೋಡಬೇಕು. ಕಾಯಿಲ್ ಹೋಗಿರಲೂಬಹುದು.

ಇನ್ನು ಮುಂದೆ ವಾಶ್‌ಗೆ ಬಿಡೋವಾಗ ಬಾಯಿಬಿಟ್ಟು ಹೇಳಿ, ಬಾನೆಟ್ ತೆಗೆಯಬೇಡಿ ಅಂತ. ಹಬ್ಬದ ಮುಂಚಿನ ರಶ್‌ನಲ್ಲಿ ಆ ಹುಡುಗರಿಗೆ ಕಾರು ಯಾವುದು, ಟ್ರ್ಯಾಕ್ಟರ್ ಯಾವುದು ಅಂತ ನೋಡೋಕೂ ಪುರುಸೊತ್ತಿರಲ್ಲ.

ಪ್ರಶ್ನೆ (ಚಳ್ಳಕೆರೆ): ನಮ್ಮ ಕಡೆ ಬೋರ್ ನೀರು ಸಿಕ್ಕಾಪಟ್ಟೆ ಗಡಸು. ಆರ್‌ಒ ಫಿಲ್ಟರ್‌ನಿಂದ ಆಚೆ ಬರುವ ನೀರು ಹಿಡಿದಿಡ್ತೀವಿ, ಅದರಲ್ಲಿ ಒರೆಸಬಹುದಾ?

ಉತ್ತರ: ಬೇಡ. ಆಚೆ ಬರುವ ನೀರಿನಲ್ಲಿ ಉಪ್ಪಿನಂಶ ಬೋರ್ ನೀರಿಗಿಂತ ಜಾಸ್ತಿ ಇರುತ್ತೆ. ಒಣಗಿದ ಮೇಲೆ ಬಿಳಿ ಕಲೆ. ಅದನ್ನು ಅಂಗಳ ತೊಳೆಯಲು ಇಟ್ಟುಕೊಳ್ಳಿ. ಇಂಜಿನ್ ಒರೆಸಲು ಬೇಕಾಗೋದು ಎರಡು ಲೀಟರ್, ಕುಡಿಯುವ ನೀರನ್ನೇ ಬಳಸಿ.

ಪ್ರಶ್ನೆ (ನಿಟ್ಟುವಳ್ಳಿ, ದಾವಣಗೆರೆ): ಅಣ್ಣಾ, ನೀವು ಹೇಳಿದ ಹಾಗೇ ಮಾಡಿದೆ. ಚೆನ್ನಾಗಿ ಬಂತು. ಫೋಟೋ ಯಾಕೆ ತೆಗೆಯೋಕೆ ಹೇಳಿದ್ರಿ?

ಉತ್ತರ: ಜಿಡ್ಡು ತಾನಾಗಿ ಬರಲ್ಲ ಅಕ್ಕಾ, ಎಲ್ಲಿಂದಲೋ ಸೋರಿರಬೇಕು. ಒರೆಸಿದ ಮೇಲೆ ಎಲ್ಲ ಚೆಂದ ಕಾಣುತ್ತೆ, ಸೋರಿಕೆ ಮರೆತೇ ಹೋಗುತ್ತೆ. ಈಗ ಇನ್ನೂರು ಮುನ್ನೂರು ಕಿಲೋಮೀಟರ್ ಓಡಿಸಿ ಅದೇ ಜಾಗ ಮತ್ತೆ ನೋಡಿ. ಹೊಸ ಪಸೆ ಎಲ್ಲಿಂದ ಶುರುವಾಗಿದೆ ಅಂತ ಸ್ಪಷ್ಟವಾಗಿ ಗೊತ್ತಾಗುತ್ತೆ. ಈ ವಯಸ್ಸಿನ ಗಾಡಿಗೆ ಹೆಚ್ಚಾಗಿ ಟ್ಯಾಪೆಟ್ ಕವರ್ (ಇಂಜಿನ್ ಮೇಲ್ಭಾಗದ ಮುಚ್ಚಳ) ಪ್ಯಾಕಿಂಗ್ ಹೋಗಿರುತ್ತೆ. ಹಳೇ ಫೋಟೋ ಜೊತೆಗೆ ತೋರಿಸಿದರೆ ಮೆಕ್ಯಾನಿಕ್‌ಗೆ ಹುಡುಕೋ ಕೆಲಸ ಅರ್ಧ ಉಳಿಯುತ್ತೆ. ಅಲ್ಲಿಯವರೆಗೆ ವಾರಕ್ಕೊಮ್ಮೆ ಡಿಪ್‌ಸ್ಟಿಕ್ ನೋಡ್ತಿರಿ. ವಾರಂಟಿ ಇರುವ ಗಾಡಿಯವರಿಗೆ ಒಂದು ಮಾತು: ಸೋರಿಕೆ ಇದ್ದರೆ ಒರೆಸೋಕೇ ಹೋಗಬೇಡಿ, ಹಾಗೇ ಸರ್ವಿಸ್‌ನವರಿಗೆ ತೋರಿಸಿ.

ಪ್ರಶ್ನೆ (ಜಗಳೂರು ಕಡೆ ಹಳ್ಳಿ): ಅಣ್ಣ, ನಮ್ಮದು ಬೇರೆ ಕಥೆ. ಮೆಕ್ಕೆಜೋಳ ಮುರಿದು ಮನೆ ಮುಂದೆ ಹಾಕಿದ್ವಿ. ಕಾರು ಪಕ್ಕದಲ್ಲೇ ನಿಂತಿತ್ತು. ಬಾನೆಟ್ ತೆಗೆದರೆ ಇಲಿ ಗೂಡು ಕಟ್ಟಿದೆ. ಜೋಳದ ಸಿಪ್ಪೆ, ಹಿಕ್ಕೆ, ಎಲ್ಲ ಇದೆ. ಕಂಪ್ರೆಸರ್ ಇದೆ, ಗಾಳಿ ಹೊಡೆದು ಕ್ಲೀನ್ ಮಾಡಲಾ?

ಉತ್ತರ: ಬೇಡ ತಮ್ಮಾ, ಇದೊಂದು ಕಡೆ ಗಾಳಿ ಹೊಡೆಯಲೇಬಾರದು. ಮೇಲೆ ಅಕ್ಕನಿಗೆ ಹೇಳಿದ್ದು ಬರೀ ಧೂಳಿಗೆ. ಇಲಿ ಉಚ್ಚೆ, ಹಿಕ್ಕೆಯಿಂದ ಕಾಯಿಲೆ ಬರುತ್ತೆ, ಇಲಿಜ್ವರ ಅಂತ ಕೇಳಿರ್ತೀಯಲ್ಲ. ಅದು ಕೈ ಮೇಲಿನ ಸಣ್ಣ ಗಾಯದಿಂದಲೂ ಒಳಗೆ ಹೋಗುತ್ತೆ, ಕಣ್ಣು ಬಾಯಿಂದಲೂ ಹೋಗುತ್ತೆ. ಗಾಳಿ ಹೊಡೆದರೆ ಎಲ್ಲ ಎದ್ದು ಮುಖಕ್ಕೇ ಬರುತ್ತೆ. ರಬ್ಬರ್ ಗ್ಲೌಸ್ ಹಾಕು, ಮಾಸ್ಕ್ ಹಾಕು. ಬ್ಯಾಟರಿ ತೆಗೆದ ಮೇಲೆ ಸ್ಪ್ರೇ ಬಾಟಲಿಯಲ್ಲಿ ಫಿನಾಯಿಲ್ ನೀರು ತುಂಬಿ ಗೂಡನ್ನು ನೆನೆಸು. ಕಪ್ಲರ್‌ಗಳಿಗೆ ತಾಗದ ಹಾಗೆ ನೋಡ್ಕೋ. ಹತ್ತು ನಿಮಿಷ ಬಿಟ್ಟು ಕೈಯಿಂದ ಎತ್ತಿ ಕವರ್‌ಗೆ ಹಾಕಿ ಕಟ್ಟು. ಆಮೇಲೆ ಆ ಜಾಗ ಒರೆಸು, ಸೋಪು ಹಾಕಿ ಕೈ ತೊಳೆ. ಮುಂದೆ ಒಂದೆರಡು ವಾರದಲ್ಲಿ ಜ್ವರ, ಮೈಕೈ ನೋವು ಬಂದರೆ ಡಾಕ್ಟರ್‌ಗೆ ಇಲಿ ವಿಚಾರ ಹೇಳು.

ಗೂಡು ತೆಗೆದ ಮೇಲೆ ಪ್ರತಿ ವೈರ್ ಬೆರಳಿನಿಂದ ಸವರಿ ನೋಡು. ಕಡಿದಿದ್ದರೆ ತಾಮ್ರ ಕಾಣುತ್ತೆ. ಹಾಗೇ ಬ್ಯಾಟರಿ ಹಾಕಿದರೆ ಶಾರ್ಟ್ ಆಗಿ ಬೆಂಕಿಯೂ ಹತ್ತಬಹುದು. ಟೇಪ್ ಸುತ್ತಿ ಓಡಿಸೋದು ಬೇಡ, ಎಲೆಕ್ಟ್ರಿಷಿಯನ್‌ಗೆ ತೋರಿಸು. ಏರ್ ಫಿಲ್ಟರ್ ಡಬ್ಬಿಯನ್ನೂ ತೆಗೆದು ನೋಡು, ಇಲಿಗೆ ಅದು ತುಂಬಾ ಇಷ್ಟದ ಜಾಗ.

ಮೆಕ್ಕೆಜೋಳದ ಕಾಲದಲ್ಲಿ ಇನ್ನೊಂದು ತೊಂದರೆ ರೇಡಿಯೇಟರ್‌ನದು. ಒಕ್ಕಣೆ ಮಾಡೋವಾಗ ಹೊಟ್ಟು ಹಾರಿ ಎಸಿ ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ನಡುವೆ ಸಿಕ್ಕಿಕೊಳ್ಳುತ್ತೆ. ಹೊರಗಿಂದ ಕಾಣಲ್ಲ. ಗಾಡಿ ಬಿಸಿ ಏರುತ್ತೆ, ಎಸಿ ತಣ್ಣಗಾಗಲ್ಲ. ಮೆತ್ತನೆಯ ಬ್ರಷ್‌ನಿಂದ ರೇಡಿಯೇಟರ್‌ನ ತೆಳು ತಗಡಿನ ರೆಕ್ಕೆಗಳ ದಿಕ್ಕಿಗೇ ಎಳೆದು ತೆಗೆ. ಅಡ್ಡ ಉಜ್ಜಿದರೆ ರೆಕ್ಕೆ ಮಡಚಿ ಇರುವ ಗಾಳಿಯ ದಾರಿಯೂ ಮುಚ್ಚುತ್ತೆ. ಇಲ್ಲಿ ಸಣ್ಣ ಧಾರೆಯಲ್ಲಿ ನೀರು ಬಿಡಬಹುದು, ಇಂಜಿನ್ ಕಡೆಯಿಂದ ಹೊರಗಿನ ಕಡೆಗೆ. ಪ್ರೆಶರ್ ಗನ್ ಬೇಡ.

ಪ್ರಶ್ನೆ (ಅದೇ ಹಳ್ಳಿ): ತಂಬಾಕು, ನುಸಿ ಗುಳಿಗೆ ಇಟ್ಟರೆ ಇಲಿ ಬರಲ್ಲ ಅಂತಾರಲ್ಲ?

ಉತ್ತರ: ನಾಲ್ಕು ದಿನ ಬರಲ್ಲ, ಐದನೇ ದಿನ ಅದರ ಪಕ್ಕದಲ್ಲೇ ಮಲಗಿರುತ್ತೆ. ನುಸಿ ಗುಳಿಗೆ ವಾಸನೆ ಎಸಿ ಮೂಲಕ ನಿಮಗೇ ಬರುತ್ತೆ. ಒಣ ತಂಬಾಕು ಸೈಲೆನ್ಸರ್ ಪೈಪ್ ಮೇಲೆ ಬಿದ್ದರೆ ಹೊಗೆಯಾಡುತ್ತೆ. ಜೋಳದ ರಾಶಿಯಿಂದ ಕಾರು ದೂರ ನಿಲ್ಲಿಸು, ದಿನಾ ಒಂದಿಷ್ಟು ಓಡಿಸು. ಅದಕ್ಕಿಂತ ಒಳ್ಳೆಯ ಔಷಧಿ ನಾನು ನೋಡಿಲ್ಲ. ಮನೇಲಿ ಬೆಕ್ಕಿದ್ದರೆ ಇನ್ನೂ ಒಳ್ಳೆಯದು.

ಪ್ರಶ್ನೆ (ವಿದ್ಯಾನಗರ, ದಾವಣಗೆರೆ): ಬ್ಯಾಟರಿ ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಬೆಳೆದಿದೆ. ಬಿಸಿನೀರು ಹಾಕ್ತಾರಲ್ಲ?

ಉತ್ತರ: ಬಿಸಿನೀರಿಗೂ ಹೋಗುತ್ತೆ, ಆದರೆ ಆ ನೀರು ಕೆಳಗಿನ ಟ್ರೇಗೆ ಇಳಿದು ಕಬ್ಬಿಣ ತಿನ್ನುತ್ತೆ. ಎರಡೂ ಟರ್ಮಿನಲ್ ತೆಗೆದು, ಅಡುಗೆ ಸೋಡಾ ಕಲಸಿ ಹಳೇ ಟೂತ್ ಬ್ರಷ್‌ನಿಂದ ಉಜ್ಜಿ. ನೊರೆ ನಿಂತ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ. ಸೋಡಾ ನೀರು ಬ್ಯಾಟರಿ ಮುಚ್ಚಳದ ಒಳಗೆ ಹೋಗಬಾರದು. ಬಿಗಿ ಮಾಡಿದ ಮೇಲೆ ಮೇಲೆ ತೆಳ್ಳಗೆ ವ್ಯಾಸಲೀನ್ ಹಚ್ಚಿ.

ಪ್ರಶ್ನೆ (ಪಿ.ಜೆ. ಬಡಾವಣೆ, ದಾವಣಗೆರೆ): ನಮ್ಮದು ಹೈಬ್ರಿಡ್ ಗಾಡಿ. ಇದೇ ಕ್ರಮ ಆಗುತ್ತಾ? ಕೊನೆಗೆ ಹೊಳಪಿಗೆ ಏನು ಹಚ್ಚಲಿ?

ಉತ್ತರ: ಬಾನೆಟ್ ತೆಗೆದಾಗ ಕಿತ್ತಳೆ ಬಣ್ಣದ ದಪ್ಪ ಕೇಬಲ್ ಕಾಣುತ್ತಲ್ಲ ಸರ್, ಅದರಲ್ಲಿ ನೂರಾರು ವೋಲ್ಟ್ ಇರುತ್ತೆ. ಸಣ್ಣ ಬ್ಯಾಟರಿಯ ನೆಗೆಟಿವ್ ತೆಗೆದ ಮಾತ್ರಕ್ಕೆ ಅದನ್ನು ಮುಟ್ಟಬಹುದು ಅಂತಲ್ಲ. ಮೇಲಿನ ಪ್ಲಾಸ್ಟಿಕ್ ಕವರ್, ಬಾನೆಟ್ ಅಂಚು ಒಣ ಬಟ್ಟೆಯಿಂದ ಒರೆಸಿ, ಅಲ್ಲಿಗೆ ನಿಲ್ಲಿಸಿ. ಉಳಿದದ್ದು ಕಂಪನಿ ಸರ್ವಿಸ್‌ನವರಿಗೆ. ಎಲೆಕ್ಟ್ರಿಕ್ ಗಾಡಿಯವರಿಗೂ ಇದೇ ಉತ್ತರ.

ಹೊಳಪಿಗೆ ನೀರಿನ ಆಧಾರದ ಪ್ಲಾಸ್ಟಿಕ್ ಡ್ರೆಸ್ಸಿಂಗ್ ಸಿಗುತ್ತೆ, ಅದನ್ನು ಬಟ್ಟೆಗೆ ಹಾಕಿ ಕವರ್‌ಗಳಿಗೆ ಮಾತ್ರ ಸವರಿ. ಬೆಲ್ಟ್, ಪುಲ್ಲಿ, ಸೈಲೆನ್ಸರ್ ಕಡೆ ಬೇಡ. ಕೆಲವರು ಕೊಬ್ಬರಿ ಎಣ್ಣೆ ಹಚ್ಚುತ್ತಾರೆ. ಪೂಜೆ ದಿನ ಫೋಟೋಗೆ ಚೆನ್ನಾಗಿ ಕಾಣುತ್ತೆ, ದೀಪಾವಳಿ ಹೊತ್ತಿಗೆ ಅದರ ಮೇಲೆ ಮಣ್ಣು ಮೆತ್ತಿರುತ್ತೆ. ಅಂದ ಹಾಗೆ, ಕುಂಕುಮ, ವಿಭೂತಿ ಬಾನೆಟ್ ಮೇಲೆ ಹಚ್ಚಿ. ಒಳಗೆ ಬ್ಯಾಟರಿ ಮೇಲೆ ಊದುಬತ್ತಿ ಸಿಕ್ಕಿಸಬೇಡಿ. ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತಿರುತ್ತೆ.