ಕರಿಮಣಿ ಸರದ ಫೋಟೋ ಮಂಕಾಗಿ ಬರುತ್ತದೆ, ಹುಡುಕಿದರೆ ಅಂಗಡಿಯೂ ಸಿಗುವುದಿಲ್ಲ: ಯಾವುದನ್ನು ಮೊದಲು ಸರಿಪಡಿಸಲಿ?

ಪ್ರಶ್ನೆ: ಮಣಿಸರ (ಉಡುಪಿ)

ಎಲ್ಲರಿಗೂ ನಮಸ್ಕಾರ. ನಾನು ಉಡುಪಿಯ ಸಮೀಪ ಮನೆಯಲ್ಲಿಯೇ ಆಭರಣಗಳನ್ನು ತಯಾರಿಸುತ್ತೇನೆ. ಬೆಳ್ಳಿಯ ತಂತಿಯಲ್ಲಿ ಕಟ್ಟಿದ ಕರಿಮಣಿ ಸರ, ಹವಳ ಮತ್ತು ಮುತ್ತಿನ ಓಲೆ, ಸಣ್ಣ ಜುಮುಕಿ ಇವೇ ಮುಖ್ಯವಾದವು. ಕೈಯಲ್ಲಿ ಹಿಡಿದು ನೋಡಿದವರು ಸಾಮಾನ್ಯವಾಗಿ ಕೊಂಡುಕೊಳ್ಳುತ್ತಾರೆ. ಆದರೆ ಸ್ವಂತ ಜಾಲತಾಣದಲ್ಲಿ ಮತ್ತು ಕೈಕೆಲಸದ ವಸ್ತುಗಳನ್ನು ಮಾರುವ ಆನ್‌ಲೈನ್ ಮಾರುಕಟ್ಟೆಯಾದ ಎಟ್ಸಿಯಲ್ಲಿ ಹಾಕಿರುವ ಅದೇ ಸರಗಳನ್ನು ವಿಚಾರಿಸುವವರು ಬಹಳ ಕಡಿಮೆ.

ಫೋಟೋಗಳನ್ನು ಚಾವಡಿಯಲ್ಲಿ ಮೊಬೈಲಿನಿಂದ ತೆಗೆಯುತ್ತೇನೆ. ಕರಿಮಣಿಯು ಮಣಿಯಂತೆ ಕಾಣದೆ ಕಪ್ಪು ದಾರದಂತೆ ಕಾಣುತ್ತದೆ. ಬೆಳ್ಳಿಯು ಕೆಲವೊಮ್ಮೆ ಕೆಂಪಾಗಿ, ಅಂಗಳಕ್ಕೆ ಟಾರ್ಪಾಲು ಹಾಕಿದ ಮೇಲೆ ನೀಲಿಯಾಗಿ ಬರುತ್ತದೆ. ಮಳೆಗಾಲದಲ್ಲಂತೂ ಎಲ್ಲವೂ ಮಂಕು. ಹೆಸರಿನ ಜಾಗದಲ್ಲಿ ‘ಸುಂದರ ಕೈಕುಸುರಿ ಸರ’ ಎಂಬಂತೆ ಬರೆದಿದ್ದೇನೆ. ಪ್ರತಿ ತಿಂಗಳು ಶುಲ್ಕ ಕೊಟ್ಟರೆ ಗೂಗಲಿನ ಮೊದಲ ಸ್ಥಾನಕ್ಕೆ ತರುತ್ತೇವೆ ಎಂದು ಒಬ್ಬರು ಹೇಳುತ್ತಿದ್ದಾರೆ. ಛಾಯಾಗ್ರಾಹಕರನ್ನು ಕರೆಸಿದರೆ ಅದಕ್ಕೂ ಖರ್ಚಿದೆ. ಎರಡಕ್ಕೂ ಹಣ ಹಾಕುವ ಸ್ಥಿತಿಯಲ್ಲಿ ನಾನಿಲ್ಲವಾದ್ದರಿಂದ, ಯಾವುದನ್ನು ಮೊದಲು ಮಾಡಬೇಕೆಂದು ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ಉತ್ತರ: ಕಿಟಕಿಬೆಳಕು (ಮಂಗಳೂರು)

ನಮಸ್ಕಾರ. ಬೆಳ್ಳಿ ಅಂಗಡಿಗಳಿಗೆ ಫೋಟೋ ತೆಗೆಯುವ ಕೆಲಸ ನನ್ನದು. ಆದರೂ ಸದ್ಯಕ್ಕೆ ಛಾಯಾಗ್ರಾಹಕರನ್ನು ಕರೆಸಬೇಡಿ ಎಂದೇ ಹೇಳುತ್ತೇನೆ; ನೀವು ವಿವರಿಸಿರುವ ದೋಷಗಳು ಕ್ಯಾಮೆರಾಕ್ಕೆ ಸಂಬಂಧಿಸಿದವುಗಳಲ್ಲ.

ಬೆಳ್ಳಿಯು ಕೆಂಪಾಗುವುದಕ್ಕೆ ಹೆಚ್ಚಾಗಿ ಚಾವಡಿಯ ನೆಲವೇ ಕಾರಣ. ನಮ್ಮ ಕಡೆಯ ಹಳೆಯ ಮನೆಗಳ ಕಾವಿ ನೆಲದ ಬಣ್ಣ ಹೊಳಪುಳ್ಳ ಲೋಹದಲ್ಲಿ ಹಾಗೆಯೇ ಪ್ರತಿಫಲಿಸುತ್ತದೆ, ಮತ್ತು ಟಾರ್ಪಾಲಿನ ಕೆಳಗೆ ಸೋಸಿ ಬರುವ ಬೆಳಕು ನೀಲಿಯೇ ಆಗಿರುತ್ತದೆ. ಆದ್ದರಿಂದ ಚಾವಡಿಯನ್ನು ಬಿಟ್ಟು, ನೇರ ಬಿಸಿಲು ಬೀಳದ ಒಂದು ಕಿಟಕಿಯ ಪಕ್ಕದಲ್ಲಿ ಮೇಜು ಹಾಕಿ, ಕಿಟಕಿಗೆ ತೆಳುವಾದ ಬಿಳಿ ಪಂಚೆಯನ್ನು ಕಟ್ಟಿ, ಮೇಜಿನ ಸುತ್ತಲಿನ ನೆಲಕ್ಕೂ ಒಂದು ಬಿಳಿ ಬಟ್ಟೆಯನ್ನು ಹಾಸಿರಿ. ಕೋಣೆಯ ಟ್ಯೂಬ್‌ಲೈಟನ್ನು ಆರಿಸಿರಿ, ಏಕೆಂದರೆ ಎರಡು ಬಣ್ಣದ ಬೆಳಕು ಕೂಡಿದರೆ ಅದನ್ನು ಆಮೇಲೆ ಮೊಬೈಲಿನಲ್ಲಿ ಸರಿಪಡಿಸುವುದು ಕಷ್ಟ. ನೀವು ತೊಟ್ಟ ಬಟ್ಟೆಯ ಬಣ್ಣವೂ ಲೆಕ್ಕಕ್ಕೆ ಬರುತ್ತದೆ. ಬೆಳ್ಳಿಯ ಗುಂಡಿನಲ್ಲಿ ಕೆಂಪು ಸೀರೆ ಪೂರ್ತಿಯಾಗಿ ಕಾಣಿಸಿಕೊಳ್ಳುವುದನ್ನು ಹತ್ತಿರದಿಂದ ನೋಡಿದರೆ ನಿಮಗೇ ತಿಳಿಯುತ್ತದೆ.

ಕರಿಮಣಿಯ ಸಮಸ್ಯೆ ಬೇರೆಯದು. ಹೊಳಪುಳ್ಳ ಕಪ್ಪು ಗಾಜಿನ ಮೇಲೆ ಎಷ್ಟು ಬೆಳಕು ಸುರಿದರೂ ಅದು ಕಪ್ಪಾಗಿಯೇ ಉಳಿಯುತ್ತದೆ, ಅದರಲ್ಲಿ ಏನಾದರೂ ಬಿಳಿಯದು ಪ್ರತಿಫಲಿಸಿದಾಗ ಮಾತ್ರ ಮಣಿಯ ದುಂಡುತನ ಕಾಣುತ್ತದೆ. ಸರವನ್ನು ಕಿಟಕಿಗೆ ಸಮಾನಾಂತರವಾಗಿ ಇರಿಸಿ, ಎದುರು ಬದಿಯಲ್ಲಿ ಒಂದು ಥರ್ಮೋಕೋಲ್ ಹಾಳೆಯನ್ನು ನಿಲ್ಲಿಸಿ ನಿಧಾನವಾಗಿ ಹತ್ತಿರ ತನ್ನಿರಿ. ಒಂದು ಹಂತದಲ್ಲಿ ಪ್ರತಿಯೊಂದು ಮಣಿಯ ಅಂಚಿನಲ್ಲಿಯೂ ಸಣ್ಣ ಬಿಳಿ ಗೆರೆ ಮೂಡುತ್ತದೆ. ಆ ಗೆರೆ ಮೂಡಿದ ಜಾಗದಲ್ಲಿಯೇ ಹಾಳೆಯನ್ನು ನಿಲ್ಲಿಸಿ, ಮೇಜಿನ ಮೇಲೆ ಟೇಪಿನಿಂದ ಗುರುತು ಮಾಡಿಟ್ಟುಕೊಂಡರೆ ಮುಂದಿನ ಸರಕ್ಕೂ ಅದೇ ಬೆಳಕು ಸಿಗುತ್ತದೆ. ಬೆಳ್ಳಿಗೆ ಇದರ ಉಲ್ಟಾ ಉಪಾಯ ಬೇಕಾಗುತ್ತದೆ: ಸುತ್ತಲೂ ಬಿಳಿಯೇ ಇದ್ದರೆ ಲೋಹವು ಹಿನ್ನೆಲೆಯಲ್ಲಿ ಕರಗಿಹೋಗುವುದರಿಂದ, ಚೌಕಟ್ಟಿನ ಸ್ವಲ್ಪ ಹೊರಗೆ ಕಪ್ಪು ಕಾಗದದ ಕಿರಿದಾದ ಪಟ್ಟಿಯನ್ನು ಇಟ್ಟರೆ ಅಂಚುಗಳು ಎದ್ದು ಕಾಣುತ್ತವೆ.

ಮೊಬೈಲನ್ನು ವಸ್ತುವಿನ ತೀರ ಹತ್ತಿರ ಒಯ್ಯಬಾರದು. ಹಾಗೆ ಮಾಡಿದರೆ ಮುಂದಿನ ಮಣಿ ಅಸಹಜವಾಗಿ ದೊಡ್ಡದಾಗುತ್ತದೆ, ಮೊಬೈಲಿನ ನೆರಳೂ ಬೀಳುತ್ತದೆ. ಸ್ಟ್ಯಾಂಡಿಗೆ ಹಾಕಿ, ಸ್ವಲ್ಪ ದೂರದಿಂದ ಜೂಮನ್ನು 2ಎಕ್ಸ್‌ಗೆ ಇಟ್ಟು, ಪರದೆಯನ್ನು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಟೈಮರಿನಿಂದ ತೆಗೆಯಿರಿ. ಬಿಳಿ ಹಿನ್ನೆಲೆಯನ್ನು ಮೊಬೈಲು ತಾನಾಗಿ ಬೂದು ಮಾಡುವುದುಂಟು; ಎಕ್ಸ್‌ಪೋಶರನ್ನು, ಅಂದರೆ ಚಿತ್ರದ ಬೆಳಕಿನ ಮಟ್ಟವನ್ನು, ಸ್ವಲ್ಪ ಏರಿಸಿಕೊಳ್ಳಿ. ಮೊದಲ ಚಿತ್ರದಲ್ಲಿ ಒಂದು ಬಿಳಿ ಕಾಗದವನ್ನೂ ಸೇರಿಸಿಕೊಂಡರೆ ಫೋಟೋ ತಿದ್ದುವ ಸ್ನ್ಯಾಪ್‌ಸೀಡ್ ಆ್ಯಪಿನಲ್ಲಿ ಆ ಕಾಗದದ ಮೇಲೆ ಒತ್ತಿ ಬಣ್ಣ ಸರಿಪಡಿಸಬಹುದು.

ಮಳೆಗಾಲದ ಮೋಡವನ್ನು ನಾನಂತೂ ದೂರುವುದಿಲ್ಲ, ಅಷ್ಟು ಮೃದುವಾದ ಬೆಳಕು ಬೇಸಿಗೆಯಲ್ಲಿ ಸಿಗುವುದಿಲ್ಲ. ಕೊರತೆಯಾಗುವುದು ಅದರ ಪ್ರಮಾಣ ಮಾತ್ರ, ಅದನ್ನು ಸ್ಟ್ಯಾಂಡ್ ಸರಿತೂಗಿಸುತ್ತದೆ. ನಮ್ಮ ಕಡೆಯ ತೇವದ ಗಾಳಿಗೆ ಬೆಳ್ಳಿ ಬೇಗ ಕಪ್ಪಾಗುವುದರಿಂದ ಫೋಟೋಗೆ ಮುಂಚೆ ಒರೆಸಿಕೊಳ್ಳುವುದನ್ನು ಮರೆಯಬೇಡಿ. ಕಣ್ಣಿಗೆ ಕಾಣದ ಬೆರಳಚ್ಚು ದೊಡ್ಡದು ಮಾಡಿದ ಚಿತ್ರದಲ್ಲಿ ಕಾಣುತ್ತದೆ.

ಉತ್ತರ: ಜಾಲಕೆಲಸ (ಮಣಿಪಾಲ)

ಮೇಲಿನ ಸಲಹೆಗಳನ್ನು ಒಪ್ಪುತ್ತೇನೆ. ಆದರೆ ಫೋಟೋ ಮೊದಲೋ ಪದಗಳು ಮೊದಲೋ ಎಂಬುದನ್ನು ಊಹೆಯ ಮೇಲೆ ತೀರ್ಮಾನಿಸುವ ಅಗತ್ಯವಿಲ್ಲ. ಗೂಗಲ್ ಸರ್ಚ್ ಕನ್ಸೋಲ್ ಎಂಬ ಉಚಿತ ಸೌಲಭ್ಯಕ್ಕೆ ನಿಮ್ಮ ಜಾಲತಾಣವನ್ನು ಸೇರಿಸಿದರೆ, ಯಾವ ಪದಗಳನ್ನು ಹುಡುಕಿದವರಿಗೆ ನಿಮ್ಮ ಪುಟ ಎಷ್ಟು ಸಲ ಕಾಣಿಸಿತು, ಅವರಲ್ಲಿ ಎಷ್ಟು ಜನ ಒತ್ತಿ ಒಳಗೆ ಬಂದರು ಎಂಬ ಲೆಕ್ಕ ಸಿಗುತ್ತದೆ. ಚಿತ್ರಗಳ ಹುಡುಕಾಟದ ಲೆಕ್ಕವನ್ನು ಪ್ರತ್ಯೇಕವಾಗಿಯೂ ನೋಡಬಹುದು. ಕಾಣಿಸಿದ್ದು ಬಹಳವಾಗಿದ್ದು ಒತ್ತಿದವರು ಕಡಿಮೆಯಿದ್ದರೆ ಫೋಟೋ, ಶೀರ್ಷಿಕೆ ಅಥವಾ ಬೆಲೆಯನ್ನು ನೋಡಬೇಕು. ಕಾಣಿಸಿದ್ದೇ ಕಡಿಮೆಯಾಗಿದ್ದರೆ ಎಂತಹ ಒಳ್ಳೆಯ ಫೋಟೋ ಹಾಕಿದರೂ ಅದನ್ನು ನೋಡುವವರಿರುವುದಿಲ್ಲ.

‘ಸುಂದರ ಕೈಕುಸುರಿ ಸರ’ ಎಂಬ ಹೆಸರನ್ನು ನೋಡಿದರೆ ನಿಮ್ಮದು ಎರಡನೆಯ ಸ್ಥಿತಿಯೆಂದು ನನಗನಿಸುತ್ತದೆ, ಏಕೆಂದರೆ ಆ ಹೆಸರಿನಲ್ಲಿ ಕರಿಮಣಿಯೂ ಇಲ್ಲ, ಬೆಳ್ಳಿಯೂ ಇಲ್ಲ, ಉದ್ದವೂ ಇಲ್ಲ. ಕೊಳ್ಳುವವರು ತಮ್ಮ ಊರಿನ ರೂಢಿಯಂತೆ ಹುಡುಕುತ್ತಾರೆ: ನಮ್ಮವರು ಕರಿಮಣಿ ಸರ ಎಂದು, ಹೆಚ್ಚಾಗಿ ಇಂಗ್ಲಿಷ್ ಅಕ್ಷರಗಳಲ್ಲಿಯೇ ಟೈಪ್ ಮಾಡುತ್ತಾರೆ, ತೆಲುಗಿನವರು ನಲ್ಲಪೂಸಲು ಎನ್ನುತ್ತಾರೆ, ಉತ್ತರದವರು ಮಂಗಳಸೂತ್ರ ಎಂದು, ವಿದೇಶದವರು ಬ್ಲ್ಯಾಕ್ ಬೀಡ್ ನೆಕ್ಲೇಸ್ ಎಂದು ಹುಡುಕುತ್ತಾರೆ. ಇವೆಲ್ಲವನ್ನೂ ಶೀರ್ಷಿಕೆಯಲ್ಲಿ ತುಂಬಬಾರದು. ಶೀರ್ಷಿಕೆಯಲ್ಲಿ ವಸ್ತು, ಲೋಹ, ಉದ್ದ ಇಷ್ಟಿರಲಿ. ಉಳಿದ ಹೆಸರುಗಳು ವಿವರಣೆಯ ವಾಕ್ಯಗಳಲ್ಲಿ ಸಹಜವಾಗಿ ಬರಲಿ. ಎಟ್ಸಿಯಲ್ಲಿ ಪ್ರತಿ ವಸ್ತುವಿಗೆ 13 ಟ್ಯಾಗುಗಳಿಗೆ (ಹುಡುಕಾಟಕ್ಕೆಂದು ಜೋಡಿಸುವ ಪದಗಳಿಗೆ) ಅವಕಾಶವಿದ್ದು, ಒಂದೊಂದೂ ಗರಿಷ್ಠ 20 ಅಕ್ಷರಗಳಷ್ಟಿರಬಹುದು. ಬ್ಲ್ಯಾಕ್ ಬೀಡ್ ನೆಕ್ಲೇಸ್ ಎಂಬುದು ಇಂಗ್ಲಿಷಿನಲ್ಲಿ ಬರೆದರೆ ಖಾಲಿ ಜಾಗಗಳೂ ಸೇರಿ 19 ಆಗುತ್ತದೆ, ಹೀಗೆ ಎರಡು ಮೂರು ಪದಗಳ ಟ್ಯಾಗುಗಳೇ ಉಪಯುಕ್ತ. ‘ಸರ’ ಎಂಬ ಒಂಟಿ ಪದಕ್ಕೆ ಟ್ಯಾಗನ್ನು ವ್ಯರ್ಥ ಮಾಡಬೇಡಿ.

ಚಿತ್ರದ ಕಡತಕ್ಕೆ ಮೊಬೈಲು ಕೊಟ್ಟ ಸಂಖ್ಯೆಯ ಬದಲು ವಸ್ತುವಿನ ಹೆಸರನ್ನೇ ಇಡಿ. ಚಿತ್ರಕ್ಕೆ ಜೋಡಿಸುವ ವಿವರಣೆಯಾದ ಆಲ್ಟ್ ಪಠ್ಯದಲ್ಲಿ, ಚಿತ್ರ ಕಾಣದವರಿಗೆ ಓದಿ ಹೇಳುವಂತೆ, ‘ಬೆಳ್ಳಿ ಕೊಂಡಿಯ ಎರಡೆಳೆ ಕರಿಮಣಿ ಸರ, 18 ಇಂಚು’ ಎಂದು ಬರೆದರೆ ಸಾಕು. ಇನ್ನು ಮೊದಲ ಸ್ಥಾನದ ಭರವಸೆಯ ವಿಷಯ: ಅಂತಹ ಖಾತರಿಯನ್ನು ಯಾರೂ ಕೊಡಲಾರರು ಎಂದು ಗೂಗಲ್ ಸಂಸ್ಥೆಯೇ ತನ್ನ ಮಾರ್ಗದರ್ಶಿಯಲ್ಲಿ ಬರೆದಿದೆ. ಶುಲ್ಕ ಕೇಳುತ್ತಿರುವವರು ಮೆಟಾ ಕೀವರ್ಡ್ಸ್ (ಪುಟದ ಕೋಡಿನಲ್ಲಿ ಅಡಗಿಸಿಡುವ ಪದಗಳ ಪಟ್ಟಿ) ತುಂಬಿಸಿಕೊಡುತ್ತೇವೆ ಎಂದರೆ ಇನ್ನೂ ಎಚ್ಚರವಾಗಿರಿ. ಸ್ಥಾನ ನಿರ್ಧಾರಕ್ಕೆ ಅದನ್ನು ಬಳಸುವುದಿಲ್ಲವೆಂದು ಗೂಗಲ್ 2009ರಲ್ಲಿಯೇ ತಿಳಿಸಿತ್ತು. ಆ ಹಣವನ್ನು ಉಳಿಸಿಕೊಳ್ಳಿ.

ಉತ್ತರ: ಓಲೆಮನೆ (ಕುಂದಾಪುರ)

ಅಕ್ಕ, ನಾನೂ ಓಲೆ ಮಾಡಿ ಮಾರುವವಳು. ಗಿರಾಕಿಗಳು ನನ್ನಲ್ಲಿ ಅತಿ ಹೆಚ್ಚು ಕೇಳುವುದು ಗಾತ್ರವನ್ನು. ಬಿಳಿ ಹಿನ್ನೆಲೆಯ ಚಿತ್ರದಲ್ಲಿ ಸಣ್ಣ ಜುಮುಕಿಯೂ ದೊಡ್ಡದಾಗಿ ಕಾಣುವುದರಿಂದ, ಕಿವಿಗೆ ಹಾಕಿದ ಒಂದು ಚಿತ್ರ, ಹಿಂಬದಿಯ ತಿರುಪಿನ ಒಂದು ಚಿತ್ರ ಮತ್ತು ಅಳತೆಪಟ್ಟಿಯ ಪಕ್ಕದಲ್ಲಿಟ್ಟ ಒಂದು ಚಿತ್ರ ಇರಲೇಬೇಕು. ಹವಳದ ಬಣ್ಣವನ್ನು ಫಿಲ್ಟರಿನಿಂದ ಗಾಢ ಮಾಡುವ ಆಸೆ ಬರುತ್ತದೆ, ಆದರೆ ಹಾಗೆ ಮಾಡಿದ ವಸ್ತು ಹಿಂದಿರುಗಿ ಬರುವ ಸಂಭವ ಹೆಚ್ಚು.

ಫೋಟೋವನ್ನು ವಾಟ್ಸ್ಆ್ಯಪ್ ಮೂಲಕ ಕಂಪ್ಯೂಟರಿಗೆ ಕಳುಹಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳುಹಿಸಿ. ಸಾಮಾನ್ಯ ಚಿತ್ರವಾಗಿ ಕಳುಹಿಸಿದರೆ ಅದು ಕುಗ್ಗುತ್ತದೆ, ಇಟ್ಟ ಹೆಸರೂ ಹೋಗುತ್ತದೆ. ಚಿತ್ರದ ಮೇಲೆ ಅಂಗಡಿಯ ಹೆಸರು, ದೂರವಾಣಿ ಸಂಖ್ಯೆ ಬರೆಯುವ ಅಭ್ಯಾಸವಿದ್ದರೆ ಬಿಡಿ. ಅಂಗಡಿಯ ವಸ್ತುಗಳನ್ನು ಗೂಗಲಿನಲ್ಲಿ ತೋರಿಸಲು ಬಳಸುವ ಗೂಗಲ್ ಮರ್ಚೆಂಟ್ ಸೆಂಟರಿನ ನಿಯಮಗಳಲ್ಲಿ ಅಂತಹ ಚಿತ್ರಗಳಿಗೆ ಅವಕಾಶವಿಲ್ಲ.

ಮಣಿಸರ (ಉಡುಪಿ)

ಎಲ್ಲರಿಗೂ ಧನ್ಯವಾದಗಳು. ಮೊದಲು ಸರ್ಚ್ ಕನ್ಸೋಲ್ ಸೇರಿಸಿ, ಹೆಸರುಗಳನ್ನು ತಿದ್ದಿ, ಕಿಟಕಿಯ ಬಳಿ ಮೇಜು ಹಾಕುತ್ತೇನೆ. ಒಂದು ಸಂದೇಹ ಉಳಿದಿದೆ. ನನ್ನ ಎಷ್ಟೋ ಸರಗಳು ಒಂದೊಂದೇ ಇರುತ್ತವೆ; ಮಾರಾಟವಾದ ಕೂಡಲೇ ಪುಟವನ್ನು ಅಳಿಸುತ್ತೇನೆ. ಅದು ಸರಿಯೇ?

ಉತ್ತರ: ಜಾಲಕೆಲಸ (ಮಣಿಪಾಲ)

ಅಳಿಸಬೇಡಿ. ಹುಡುಕಾಟದಲ್ಲಿ ಆ ಪುಟವು ಗಳಿಸಿಕೊಂಡಿದ್ದ ಸ್ಥಾನ ಅದರೊಂದಿಗೇ ಹೋಗುತ್ತದೆ. ಅದೇ ಮಾದರಿಯನ್ನು ಮತ್ತೆ ಮಾಡಿಕೊಡಲು ಸಾಧ್ಯವಿದ್ದರೆ ‘ಆರ್ಡರ್ ಮೇಲೆ ಮಾಡಿಕೊಡಲಾಗುವುದು’ ಎಂದು ಬರೆದು ಪುಟವನ್ನು ಹಾಗೆಯೇ ಉಳಿಸಿ, ಕೆಳಗೆ ಅದನ್ನು ಹೋಲುವ ಸರಗಳ ಪುಟಗಳಿಗೆ ಲಿಂಕ್ ಕೊಡಿ. ಮತ್ತೆಂದೂ ಮಾಡಲಾಗದ ವಸ್ತುವಾಗಿದ್ದರೆ ಹಳೆಯ ವಿಳಾಸಕ್ಕೆ ಬಂದವರು ಕರಿಮಣಿ ಸರಗಳ ಪಟ್ಟಿಗೆ ಹೋಗುವಂತೆ 301 ಮರುನಿರ್ದೇಶನ ಹಾಕಿಸಿ. ಎಟ್ಸಿಯಲ್ಲಿ ಒಂದು ಲಿಸ್ಟಿಂಗಿನ (ಮಾರಾಟಕ್ಕೆ ಹಾಕಿದ ವಸ್ತುವಿನ ಪುಟದ) ಅವಧಿ 4 ತಿಂಗಳು, ನವೀಕರಣಕ್ಕೆ 0.20 ಡಾಲರ್, ಅದೇ ವಿನ್ಯಾಸದ ಸರವಾದರೆ ಹಳೆಯ ಲಿಸ್ಟಿಂಗನ್ನೇ ನವೀಕರಿಸಿ, ವಿನ್ಯಾಸ ಬೇರೆಯಾದರೆ ಪ್ರತಿ ಮಾಡಿಕೊಂಡು ಹೊಸದಾಗಿ ಹಾಕಿ.